ಎಡಕ್ಕೆ ತಿರುಗಿದರೆ ಹಾರನ್

ಬಿಳಿಗೆರೆಯ ದೇವಯ್ಯ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿದ್ದಾಗ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ನಿವೃತ್ತರಾಗಿ ಕೆಲವು ವರ್ಷಗಳ ಮೇಲೆ ಕಣ್ಣಿಗೆ ಪೊರೆ ಬಂತು. ಎದುರಿಗೆ ಬರುವ ಎತ್ತಿನಗಾಡಿಯೂ ಬಸ್ಸಿನ ಹಾಗೇ ಕಾಣತೊಡಗಿದ ಮೇಲೆ ಅವರು ಸ್ಟಿಯರಿಂಗ್ ಮುಟ್ಟುವುದನ್ನು ಬಿಟ್ಟರು. ಮಾರಲು ಮನಸ್ಸು ಬರಲಿಲ್ಲ. ಇಬ್ಬರು ಅಳಿಯಂದಿರನ್ನೂ ಕರೆಸಿ, ಒಂದು ವಾರ ಒಬ್ಬರು, ಇನ್ನೊಂದು ವಾರ ಇನ್ನೊಬ್ಬರು ಇಟ್ಟುಕೊಳ್ಳಿ, ಜಗಳವಾದರೆ ಮಾತ್ರ ನನ್ನ ಹತ್ತಿರ ಬರಬೇಡಿ ಎಂದು ಹೇಳಿ ಕೀಲಿ ಕೊಟ್ಟರು. ಇದು ತೊಂಬತ್ತೇಳನೇ ಇಸವಿಯ ಮಾತು.

ಹಿರಿಯ ಅಳಿಯ ಕೃಷ್ಣಕುಮಾರ್ ನಂಜನಗೂಡಿನಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಮನೆಯ ಯಾವ ಸಾಮಾನು ಕೆಟ್ಟರೂ ತಾನೇ ಬಿಚ್ಚಬೇಕು. ಅವನು ರಿಪೇರಿ ಮಾಡಿದ ಮಿಕ್ಸಿ ತಿರುಗುತ್ತಿತ್ತು ನಿಜ, ಆದರೆ ಚಟ್ನಿ ರುಬ್ಬುವಷ್ಟು ಹೊತ್ತೂ ಹೆಂಡತಿ ರಂಜಿನಿ ಅದರ ಮುಚ್ಚಳವನ್ನು ಮೊಣಕೈಯಿಂದ ಅದುಮಿಕೊಂಡು ನಿಂತಿರಬೇಕಿತ್ತು. ಕಿರಿಯ ಅಳಿಯ ಜಗನ್ ತಿರುಮಕೂಡಲು ನರಸೀಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಅವನದು ತದ್ವಿರುದ್ಧ ಸ್ವಭಾವ. ಬಲ್ಬ್ ಹೋದರೂ ಎಲೆಕ್ಟ್ರಿಷಿಯನ್ ಬರಬೇಕು, ಬಂದವನು ಅಂಗಡಿಯ ರಸೀದಿಯನ್ನೂ ಕೊಡಬೇಕು. ಅವನ ಹೆಂಡತಿ ಕೋಮಲ, ರಂಜಿನಿಯ ತಂಗಿ, ಮದುವೆಯಾದ ಮೇಲೆ ಎಷ್ಟೋ ಸಂಜೆಗಳನ್ನು ಮೇಣದಬತ್ತಿಯ ಬೆಳಕಿನಲ್ಲಿ ಕಳೆದಿದ್ದಳು.

ಕಾರು ಕೆಲವು ತಿಂಗಳು ಯಾರಿಗೂ ತೊಂದರೆ ಕೊಡಲಿಲ್ಲ. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಸಾಕು, ಹಾರನ್ ತಾನಾಗಿಯೇ ಕೂಗಿಕೊಳ್ಳುತ್ತಿತ್ತು. ಬಲಕ್ಕೆ ತಿರುಗಿಸಿದರೆ ಏನೂ ಇಲ್ಲ, ನೇರ ಹೋದರೂ ಏನೂ ಇಲ್ಲ. ನಂಜನಗೂಡಿನಲ್ಲಿ ಕೃಷ್ಣಕುಮಾರನ ಬೀದಿಗೆ ಎಡಕ್ಕೇ ತಿರುಗಬೇಕಿತ್ತು. ಮೂಲೆಮನೆಯ ವಿಶಾಲಮ್ಮ, ಮೇಷ್ಟ್ರಿಗೆ ಕಾರು ಬಂದ ಮೇಲೆ ಕೊಬ್ಬು ಬಂದಿದೆ, ನನ್ನ ಮನೆ ಮುಂದೆಯೇ ಬೇಕೆಂದೇ ಹಾರನ್ ಬಡಿಯುತ್ತಾರೆ ಎಂದು ಮಾತು ಬಿಟ್ಟರು. ಅವನು ಶಾಲೆಗೆ ಬಲತಿರುವುಗಳಲ್ಲೇ ಹೋಗಿಬರುವ ಒಂದು ದಾರಿ ಹುಡುಕಿಕೊಂಡ. ಅದು ಊರನ್ನು ಪೂರಾ ಒಂದು ಸುತ್ತು ಹಾಕಿಸುತ್ತಿತ್ತು. ನಡೆದುಕೊಂಡು ಹೋಗುವ ಜೊತೆಯ ಮೇಷ್ಟ್ರುಗಳು ಅವನಿಗಿಂತ ಮೊದಲೇ ಶಾಲೆ ಸೇರುತ್ತಿದ್ದರು.

ಜಗನ್ ತನ್ನ ವಾರದಲ್ಲಿ ಕಾರನ್ನು ಮೈಸೂರಿನ ಕಂಪನಿ ಸರ್ವಿಸ್ ಸ್ಟೇಷನ್ನಿಗೆ ಒಯ್ದು ತೋರಿಸಿದ. ಅಲ್ಲಿಯವರು ನೋಡಿ, ಸ್ಟಿಯರಿಂಗ್ ಒಳಗಿನ ಹಾರನ್ ವೈರು, ಸ್ವಿಚ್ಚು ಎರಡೂ ಸವೆದಿವೆ, ಸೆಟ್ ಬದಲಾಯಿಸಬೇಕು ಎಂದರು. ಜಗನ್ ಒಪ್ಪಿಕೊಂಡು ಬಂದ. ಕೃಷ್ಣಕುಮಾರ್ ಒಪ್ಪಲಿಲ್ಲ. ವೈರಿನ ಮೈ ಸುಲಿದು ಕಬ್ಬಿಣಕ್ಕೆ ತಗಲುತ್ತಿದೆ, ಅಷ್ಟೇ, ಒಂದು ಗೇಣು ಟೇಪಿನಲ್ಲಿ ಮುಗಿಯುವ ಕೆಲಸಕ್ಕೆ ಕಂಪನಿ ಯಾಕೆ ಎಂದು ಹೆಂಡತಿಯ ಮೂಲಕ ಹೇಳಿಕಳಿಸಿದ. ಹಳೇ ಗಾಡಿಯಾದರೂ ಅದರ ಹೊಟ್ಟೆಯೊಳಗೇನಿದೆ ಎಂದು ಗೊತ್ತಿರುವುದು ಕಂಪನಿಯವರಿಗೇ ಎಂದು ಜಗನ್ ತನ್ನ ಹೆಂಡತಿಯ ಮೂಲಕ ಉತ್ತರ ಕೊಟ್ಟ. ಷಡ್ಡಕರಿಬ್ಬರೂ ಎದುರಾದಾಗ ನಕ್ಕು ಕಾಫಿ ಕುಡಿಯುತ್ತಿದ್ದರು. ಜಗಳವನ್ನೆಲ್ಲ ಅಕ್ಕತಂಗಿಯರು ಫೋನಿನಲ್ಲಿ ಅತ್ತಿಂದಿತ್ತ ಹೊರಬೇಕಿತ್ತು.

ಕೊನೆಗೆ ಕೃಷ್ಣಕುಮಾರ್ ಒಂದು ಭಾನುವಾರ ಲುಂಗಿ ಕಟ್ಟಿ ಕೂತು ಸ್ಟಿಯರಿಂಗ್ ಬಿಚ್ಚಿದ. ವೈರಿಗೆ ಟೇಪು ಸುತ್ತಿ ಮತ್ತೆ ಜೋಡಿಸಿ, ರಂಜಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಎಡಕ್ಕೆ ತಿರುಗಿಸಿದಾಗ ಕಾರು ಮೌನವಾಗಿತ್ತು. ಅವನು ಹೆಮ್ಮೆಯಿಂದ ಹೆಂಡತಿಯ ಮುಖ ನೋಡಿ ಬಲಕ್ಕೆ ತಿರುಗಿಸಿದ. ಹಾರನ್ ಕೂಗಿಕೊಂಡಿತು. ರಂಜಿನಿ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಅವಳ ಭುಜ ಅಲುಗುತ್ತಿದ್ದುದು ಮಾತ್ರ ಅವನಿಗೆ ಕಂಡಿತು.

ಮಾರನೇ ವಾರ ಕಾರನ್ನು ಹೀಗೇ ಕೊಟ್ಟರೆ ಜಗನ್ ಏನನ್ನುತ್ತಾನೆ ಎಂದು ಯೋಚಿಸಿ ಅವನಿಗೆ ಊಟ ಸೇರಲಿಲ್ಲ. ಪರೀಕ್ಷೆಯ ಡ್ಯೂಟಿ ಇದೆಯೆಂದು ಸುಳ್ಳು ಹೇಳಿ ಕಾರನ್ನು ನೇರ ಮೈಸೂರಿಗೆ ಹೊಡೆದ. ಕಂಪನಿಯವರು ಸ್ವಿಚ್ಚು ವೈರು ಎಲ್ಲ ಬದಲಾಯಿಸಿದರು. ಆರು ತಿಂಗಳು ಬೇರೆ ಯಾರೂ ಇದನ್ನು ಬಿಚ್ಚಬಾರದು ಎಂದು ಎಚ್ಚರಿಸಿದರು. ಅಷ್ಟಕ್ಕೇ ಬಿಡದೆ, ಬೇಡ ಎನ್ನುವಷ್ಟರಲ್ಲಿ, ಕಾರನ್ನು ತೊಳೆದು ಫಳಫಳ ಹೊಳೆಯುವಂತೆ ಮಾಡಿಬಿಟ್ಟರು. ಇದೇ ಅವನಿಗೆ ದೊಡ್ಡ ಸಂಕಟವಾಯಿತು. ವಾಪಸು ಬರುವಾಗ ಕಪಿಲೆಯ ದಡದಲ್ಲಿ ಗಾಡಿ ನಿಲ್ಲಿಸಿ, ಪ್ಯಾಂಟು ಮಡಚಿ ಇಳಿದು, ಎರಡೂ ಕೈಯಲ್ಲಿ ಕೆಸರು ತಂದು ಬಾಗಿಲಿಗೆ, ಬಾನೆಟ್ಟಿಗೆ ಹದವಾಗಿ ಮೆತ್ತಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಸೀರೆಯನ್ನು ಹಾಗೇ ಬಿಟ್ಟು ಇವನನ್ನೇ ನೋಡುತ್ತಾ ನಿಂತಳು. ಇವನು ಅವಳಿಗೆ ನಮಸ್ಕಾರ ಮಾಡಿ ಹೊರಟ.

ಮನೆಯಲ್ಲಿ, ನಿನ್ನೆ ಸಂಜೆ ಮತ್ತೊಮ್ಮೆ ಬಿಚ್ಚಿ ಸರಿಮಾಡಿದೆ ಎಂದು ಹೇಳಿದ. ರಂಜಿನಿ ಹೋಗಿ ಕಾರಿನ ಬಾಗಿಲು ತೆಗೆದಳು. ಹೊರಗೆ ಅಷ್ಟು ಕೆಸರಿದ್ದ ಕಾರಿನ ಒಳಗೆ ಮಲ್ಲಿಗೆ ಸೆಂಟಿನ ವಾಸನೆ ಬರುತ್ತಿತ್ತು, ಸೀಟಿನ ಕೆಳಗೆ ಕಂಪನಿಯವರು ಹಾಸಿದ್ದ ಕಾಗದ ಹಾಗೇ ಇತ್ತು. ಅವಳು ಕಾಗದ ಮಡಚಿ ಒಲೆಗೆ ಹಾಕಿ, ತಂಗಿಗೆ ಫೋನ್ ಮಾಡಿದಳು.

ಕಾರು ನರಸೀಪುರಕ್ಕೆ ಹೋಯಿತು. ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ ಜಗನ್‌ಗೆ ನಂಬಿಕೆ ಬರಲಿಲ್ಲ. ಒಬ್ಬ ಮೇಷ್ಟ್ರು ಒಂದು ಗೇಣು ಟೇಪಿನಲ್ಲಿ ಇದನ್ನು ಮಾಡಿದ್ದು ಹೇಗೆ? ಒಳಗೆ ಏನು ಮಾಡಿರಬಹುದು? ಬ್ಯಾಂಕಿನಲ್ಲಿ ನೋಟು ಎಣಿಸುವಾಗಲೂ ಅವನಿಗೆ ಅದೇ ಯೋಚನೆ. ಕಡೆಗೆ ಸಂತೆಬೀದಿಯ ಅಂಗಡಿಯಲ್ಲಿ ಒಂದು ಸ್ಕ್ರೂಡ್ರೈವರ್ ಸೆಟ್ ಕೊಂಡು, ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ತಂದು ರಾಗಿ ಡಬ್ಬದೊಳಗೆ ಬಚ್ಚಿಟ್ಟ. ಕೋಮಲ ಹಿಟ್ಟು ಮಾಡಿಸಲು ರಾಗಿ ತೆಗೆದಾಗ ಅದು ಕೈಗೆ ತಗಲಿತು. ಅವಳು ಅದನ್ನು ಅಲ್ಲೇ ಹೂತು, ಅಕ್ಕನಿಗೆ ಫೋನ್ ಮಾಡಿದಳು. ನೋಡೋಣ, ಎಲ್ಲಿಯವರೆಗೆ ಬರುತ್ತದೋ ಬರಲಿ ಎಂದು ಇಬ್ಬರೂ ಮಾತಾಡಿಕೊಂಡರು.

ಕೋಮಲ ಸಂತೆಗೆ ಹೋಗಿದ್ದಾಗ ಜಗನ್ ಸ್ಟಿಯರಿಂಗ್ ಬಿಚ್ಚಿದ. ಒಳಗೆ ಟೇಪಿನ ಗುರುತೇ ಇರಲಿಲ್ಲ, ಎಲ್ಲ ಹೊಚ್ಚ ಹೊಸದು. ಕೃಷ್ಣಕುಮಾರ್ ಕಂಪನಿಗೆ ಹೋಗಿದ್ದಾನೆ ಎಂದು ಅವನಿಗೆ ಅರ್ಥವಾಗಿ ಕುಣಿದಾಡುವಷ್ಟು ಖುಷಿಯಾಯಿತು. ಆ ಖುಷಿಯಲ್ಲೇ ವಾಪಸು ಜೋಡಿಸುವಾಗ ಒಂದು ಸ್ಕ್ರೂ ಉಳಿದುಹೋಯಿತು. ಎಲ್ಲಿಯದೆಂದು ಗೊತ್ತಾಗಲಿಲ್ಲ. ಸ್ಟಿಯರಿಂಗ್ ಮಧ್ಯದ ಹಾರನ್ ಮುಚ್ಚಳ ಸ್ವಲ್ಪ ಅಲ್ಲಾಡುತ್ತಿತ್ತು. ಈಗ ಅವನು ಷಡ್ಡಕನ ಗುಟ್ಟನ್ನು ಹೇಳುವಂತೆಯೂ ಇರಲಿಲ್ಲ, ಬಿಡುವಂತೆಯೂ ಇರಲಿಲ್ಲ. ಹೇಳಿದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಆದರೂ ಬಿಚ್ಚಿದಾಗಿನ ಆ ಸುಖವನ್ನು ಅವನು ಮರೆಯಲಾರದೆ ಹೋದ.

ಅಷ್ಟರಲ್ಲಿ ಚಿಕ್ಕಯ್ಯನಛತ್ರದ ಮಾರಯ್ಯ ತೀರಿಕೊಂಡ ಸುದ್ದಿ ಬಂತು. ಮಾರಯ್ಯ ದೇವಯ್ಯನವರ ಜೊತೆ ಕೆಲಸ ಮಾಡಿದವರು, ತುಂಬಾ ಬೇಕಾದವರು. ಮೂರನೇ ದಿನದ ಹಾಲು ತುಪ್ಪದ ಕಾರ್ಯಕ್ಕೆ ಎಲ್ಲರೂ ಕಾರಿನಲ್ಲಿ ಹೋಗುವುದೆಂದಾಯಿತು. ಕೃಷ್ಣಕುಮಾರ್ ಗಾಡಿ ಓಡಿಸಿದ. ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ದೇವಯ್ಯ, ಹಿಂದೆ ಜಗನ್ ಮತ್ತು ಅಕ್ಕತಂಗಿಯರು. ದಾರಿಯ ಪ್ರತಿ ಎಡತಿರುವಿನಲ್ಲೂ ಜಗನ್ ಮುಂದಿನ ಸೀಟನ್ನು ಹಿಡಿದುಕೊಳ್ಳುತ್ತಿದ್ದ. ಏನೂ ಆಗಲಿಲ್ಲ. ಅವನು ಬೆನ್ನು ಸಡಿಲ ಬಿಟ್ಟು ಕೂರುವ ಹೊತ್ತಿಗೆ ಕಾರು ಮಾರಯ್ಯನವರ ಓಣಿಗೆ ತಿರುಗಿತು.

ಹಾರನ್ ಕೂಗಿತು. ಸ್ಟಿಯರಿಂಗ್ ನೇರ ಮಾಡಿದರೂ ನಿಲ್ಲಲಿಲ್ಲ. ಕೀಲಿ ತೆಗೆದರೂ ನಿಲ್ಲಲಿಲ್ಲ. ಶಾಮಿಯಾನದ ಕೆಳಗೆ ತಲೆ ತಗ್ಗಿಸಿ ಕೂತಿದ್ದ ಜನವೆಲ್ಲ ಎದ್ದು ನಿಂತರು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು. ದೇವಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಕೃಷ್ಣಕುಮಾರ್ ಕೆಳಗಿಳಿದು ಬಾನೆಟ್ ಎತ್ತಿ, ಎಲ್ಲಿ ಕೈ ಹಾಕಬೇಕೆಂದು ತೋಚದೆ ಸುಮ್ಮನೆ ಇಂಜಿನ್ನನ್ನೇ ನೋಡುತ್ತಾ ನಿಂತ. ಜಗನ್ ಹಿಂದಿನಿಂದ ಹಾರಿ ಬಂದು ಡ್ರೈವರ್ ಸೀಟಿಗೆ ಬಿದ್ದು, ಪ್ಯಾಂಟಿನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಹಾರನ್ ಮುಚ್ಚಳ ಮೀಟಿ ಒಂದು ವೈರನ್ನು ಕಿತ್ತ. ಸದ್ದು ನಿಂತಿತು.

ಮಾರಯ್ಯನವರ ಹೆಂಡತಿ ಪುಟ್ಟಗೌರಮ್ಮ ಜಗಲಿಯ ಮೇಲೆ ಕಂಬಕ್ಕೊರಗಿ ಕೂತಿದ್ದರು. ಮೂರು ದಿನದಿಂದ ಅವರು ಯಾರ ಹತ್ತಿರವೂ ಮಾತಾಡಿರಲಿಲ್ಲ. ಅವರು ದೇವಯ್ಯನವರನ್ನು ನೋಡಿ ಮೆಲ್ಲಗೆ ಹೇಳಿದರು:

"ನಮ್ಮ ಯಜಮಾನ್ರಿಗೆ ಕಿವಿ ಕೇಳ್ದೆ ಸುಮಾರು ವರ್ಸ ಆಗಿತ್ತು ಕಣಣ್ಣ. ನಾಕು ದಿನ ಮೊದ್ಲು ಬಂದು ಇದ್ನ ಒಡ್ದಿದ್ರೆ, ಎದ್ದು ಕೂತ್ಕಂಡಿರೋರೋ ಏನೋ."

ಹೇಳಿ ಅವರೇ ನಕ್ಕುಬಿಟ್ಟರು. ನಗುತ್ತಾ ನಗುತ್ತಾ ಅವರಿಗೆ ಅಳು ಬಂತು. ಸೊಸೆ ಓಡಿಬಂದು ಹಿಡಿದುಕೊಂಡಳು. ಆಮೇಲೆ ಅವರು ಎರಡು ತುತ್ತು ಊಟವನ್ನೂ ಮಾಡಿದರಂತೆ. ಮಾರಯ್ಯನವರ ಕಿವುಡಿನ ಕಥೆಗಳನ್ನು ಒಬ್ಬೊಬ್ಬರಾಗಿ ಹೇಳುತ್ತಾ ಜನ ಸಂಜೆಯವರೆಗೆ ಕೂತರು.

ಹೊರಡುವ ಮೊದಲು ದೇವಯ್ಯ ಅಳಿಯಂದಿರನ್ನು ಹುಣಸೆಮರದ ಕೆಳಗೆ ನಿಲ್ಲಿಸಿಕೊಂಡರು. ಕೃಷ್ಣಕುಮಾರ್ ಕೋಪದಲ್ಲಿದ್ದ.

"ಅಲ್ಲ ಮಾವ, ಆರು ತಿಂಗಳು ಯಾರೂ ಮುಟ್ಬಾರ್ದು ಅಂತ ಕಂಪನಿಯೋರು ಅಷ್ಟು ಹೇಳಿದ್ರೂ..." ಎಂದವನು ಅಲ್ಲಿಗೇ ನಿಂತ.

"ಯಾವ ಕಂಪನಿಯೋರು ಅಣ್ಣ?" ಎಂದ ಜಗನ್. ಕೇಳಬಾರದಿತ್ತು, ಅವನ ಜೇಬಿನಿಂದ ಸ್ಕ್ರೂಡ್ರೈವರ್ ಇನ್ನೂ ಇಣುಕುತ್ತಿತ್ತು.

ದೇವಯ್ಯ ಇಬ್ಬರನ್ನೂ ನೋಡಿದರು. "ಸ್ವಂತ ಕೈಲಿ ಮಾಡ್ತೀನಿ ಅನ್ನೋರು ಕಂಪನಿಗೆ ಓಗವ್ರೆ. ಕಂಪನಿನೇ ಬೇಕು ಅನ್ನೋರು ಜೇಬಲ್ಲಿ ಸ್ಕ್ರೂಡ್ರೈವರ್ ಇಟ್ಕಂಡವ್ರೆ. ನಂಗೆ ಕಣ್ಣು ಕಾಣದು ಅಂತ ಕೀಲಿ ಕೊಟ್ಟೆ ಕಣ್ರಪ್ಪ, ಬುದ್ಧಿನೂ ಇಲ್ಲ ಅಂದ್ಕಂಬುಟ್ರಾ?"

ಕಾರಿನ ಆ ಕಡೆ ನಿಂತಿದ್ದ ಅಕ್ಕತಂಗಿಯರು ಇನ್ನು ತಡೆಯಲಾರದೆ ನಕ್ಕುಬಿಟ್ಟರು. ಕೆಸರು, ಸೆಂಟು, ರಾಗಿ ಡಬ್ಬ ಎಲ್ಲವೂ ಒಂದೊಂದಾಗಿ ಹೊರಬಂದವು. ಕೆಸರು ಮೆತ್ತಿದ ಕಥೆ ಕೇಳಿ ಜಗನ್‌ಗೆ ನಿಲ್ಲಲಾಗಲಿಲ್ಲ, ಮರಕ್ಕೆ ಒರಗಿಕೊಂಡ. ಕೀಳಬೇಕಾದ ವೈರು ಅದೇ ಅಂತ ನಿನಗೆ ಹೇಗೆ ಗೊತ್ತಾಯಿತು ಎಂದು ಕೃಷ್ಣಕುಮಾರ್ ಮೊದಲ ಬಾರಿಗೆ ಅವನನ್ನು ನೇರವಾಗಿ ಕೇಳಿದ. ಗೊತ್ತಿರಲಿಲ್ಲ, ಸಿಕ್ಕಿದ್ದು ಕಿತ್ತೆ ಎಂದ ಜಗನ್.

ತೀರ್ಮಾನವನ್ನು ರಂಜಿನಿ ಹೇಳಿದಳು. ಬ್ರೇಕು, ಸ್ಟಿಯರಿಂಗು, ಪ್ರಾಣಕ್ಕೆ ಕುತ್ತು ಬರುವಂಥದ್ದೆಲ್ಲ ಕಂಪನಿಗೆ. ಆಯಿಲ್ಲು, ಪ್ಲಗ್ಗು, ವೈಪರು, ಬಲ್ಬು ಮನೆಯಲ್ಲಿ. ಆದರೆ ಒಬ್ಬರೇ ಬಿಚ್ಚುವ ಹಾಗಿಲ್ಲ, ಇಬ್ಬರೂ ಇರಬೇಕು. ದೇವಯ್ಯ ತಲೆಯಾಡಿಸಿ ಕಾರು ಹತ್ತಿದರು.

ಮುಂದಿನ ವಾರ ಕಂಪನಿಯಲ್ಲಿ ಕೃಷ್ಣಕುಮಾರ್ ಬೈಸಿಕೊಂಡ, ಜಗನ್ ಹೊರಗೆ ಟೀ ಅಂಗಡಿಯಲ್ಲಿ ಅಡಗಿದ್ದ. ಅಲ್ಲಿಂದ ಭಾನುವಾರಗಳು ಬೇರೆಯೇ ಆದವು. ಒಮ್ಮೆ ನಂಜನಗೂಡಿನಲ್ಲಿ, ಒಮ್ಮೆ ನರಸೀಪುರದಲ್ಲಿ, ಬೆಳಿಗ್ಗೆಯೇ ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಳ್ಳುತ್ತಿದ್ದರು. ಕೆಡದೇ ಇದ್ದುದನ್ನೂ ಬಿಚ್ಚುತ್ತಿದ್ದರು. ಒಂದು ದಿನ ಕೋಮಲ ಕಾಫಿ ತಂದಾಗ ಕಾರಿನಡಿಯಿಂದ ನಾಲ್ಕು ಪಾದಗಳಷ್ಟೇ ಕಾಣುತ್ತಿದ್ದವು, ಎಲ್ಲವೂ ಒಂದೇ ಥರ ಗ್ರೀಸು ಬಳಿದುಕೊಂಡಿದ್ದವು. ಒಳಗಿನಿಂದ ಇಬ್ಬರೂ ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಗಂಡನದು ಯಾವ ಪಾದ ಎಂದು ತಿಳಿಯದೆ ಅವಳು ಲೋಟಗಳನ್ನು ನೆಲದ ಮೇಲಿಟ್ಟು, ಅಕ್ಕನ ಜೊತೆ ಸಿನಿಮಾಕ್ಕೆ ಹೊರಟಳು.