ಮಾತಿಲ್ಲದ ಶಿಶುವಿಹಾರ

ವ್ಯಾಸರಾಜನಿಗೆ ಸಿಟ್ಟು ಬಂದರೆ ಕನ್ನಡ ಮರೆತುಹೋಗುತ್ತಿತ್ತು. ೧೯೮೪ರ ಏಪ್ರಿಲ್‌ನಲ್ಲಿ ಕ್ಯುಪರ್ಟಿನೋದ ಶಾಲೆಗೆ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ವಾಪಸು ಬಂದವನು, ಷೂ ಬಿಚ್ಚುವ ಮೊದಲೇ ಹೇಳಿದ: "ಪ್ರಭಾ, ಫ್ರಮ್ ಟುಡೇ, ಈ ಮನೇಲಿ ನೋ ಕನ್ನಡ."

ಅಂಥ ಘನಂದಾರಿ ಅಪರಾಧವೇನೂ ನಡೆದಿರಲಿಲ್ಲ. ನಾಲ್ಕೂವರೆ ವರ್ಷದ ಊರ್ಮಿಳೆಯನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳಬಹುದೋ ಇಲ್ಲವೋ ಎಂದು ನೋಡಲು ಶಾಲೆಯವರು ಕರೆದಿದ್ದರು. ಬೆಳ್ಳಿಗೂದಲಿನ ಟೀಚರೊಬ್ಬರು ಅವಳ ಮುಂದೆ ಒಂದು ಬಟ್ಟಲು ಗುಂಡಿಗಳನ್ನು ಸುರಿದು, ಬಣ್ಣ ಬಣ್ಣಕ್ಕೆ ಬೇರೆ ಮಾಡು ಎಂದು ಸನ್ನೆಯಲ್ಲೇ ತೋರಿಸಿದರು. ಊರ್ಮಿಳೆ ಬೇರೆ ಮಾಡಿದಳು. ಆದರೆ ಬಾಯಿ ಮುಚ್ಚಿಕೊಂಡು ಮಾಡಲಿಲ್ಲ. ಕಂದು ಗುಂಡಿಗಳನ್ನು ಕಡಲೆಜ್ಜಿಯ ಮನೆಗೆ ಕಳಿಸಿದಳು, ಹಸಿರು ಗುಂಡಿಗಳನ್ನು ಹೆಸರುಕಾಳಿನ ಮಕ್ಕಳೆಂದಳು, ದಾರಿ ತಪ್ಪಿದ ಒಂದು ಕೆಂಪು ಗುಂಡಿಯನ್ನು ಗದರಿಸಿದಳು, ಕೊನೆಗೆ "ಎಲ್ಲಾರೂ ಬಾಗಿಲು ಹಾಕ್ಕೊಂಡು ಗೊರಕೆ ಹೊಡೆದ್ರು" ಎಂದು ತಾನೇ ಗೊರಕೆ ಹೊಡೆದು ತೋರಿಸಿದಳು. ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನು ಹೇಳಿದಳು ಮಗು ಎಂದು ಕೇಳಿದರು. ವ್ಯಾಸರಾಜ ಕಿವಿಯವರೆಗೂ ಕೆಂಪಾಗಿ, "ನಥಿಂಗ್, ಜಸ್ಟ್ ಬೇಬಿ ಟಾಕ್" ಎಂದ. ಅವರು ಒಂದು ಕಾಗದದಲ್ಲಿ ಏನೋ ಬರೆದುಕೊಟ್ಟರು, ಅವನು ಅದನ್ನು ಬ್ರೀಫ್‌ಕೇಸಿಗೆ ಹಾಕಿಕೊಂಡ, ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಬನ್ನಿ ಎಂದಿದ್ದರು.

ಕಡಲೆಜ್ಜಿಯ ಆ ಕತೆ ಪ್ರಭೆಯದು. ಮದುವೆಗೆ ಮುಂಚೆ ಮೈಸೂರಿನ ಒಂದು ಶಿಶುವಿಹಾರದಲ್ಲಿ ನಾಲ್ಕು ವರ್ಷ ಪಾಠ ಹೇಳಿದವಳು ಅವಳು. ಅಲ್ಲಿ ನಲವತ್ತು ಮಕ್ಕಳು, ಇಲ್ಲಿ ಒಂದು, ಅಷ್ಟೇ ವ್ಯತ್ಯಾಸ. ತಟ್ಟೆಯಲ್ಲಿ ರವೆ ಹರಡಿ ಅಕ್ಷರ ತೀಡಿಸುವಳು. ಚಪಾತಿ ಹಿಟ್ಟಿಗೆ ಅರಿಸಿನ ಕಲಸಿ ಹಾವು, ಚಕ್ಕುಲಿ ಮಾಡಿಸುವಳು. ಗ್ರೋಸರಿಯಿಂದ ತಂದ ಮ್ಯಾಕರೋನಿಯನ್ನು ದಾರದಲ್ಲಿ ಪೋಣಿಸಿ ಗೊಂಬೆಗೆ ಸರ ಹಾಕಿಸುವಳು. ಕಾಳು ವಿಂಗಡಿಸಲು ಗುಳಿಗುಳಿಯಾದ ಡಬ್ಬಿ ಬೇಕಾಗಿ, ಪಕ್ಕದ ಮನೆಯಾಕೆಯಿಂದ ಮೊಟ್ಟೆಯ ರಟ್ಟು ಇಸಿದುಕೊಂಡು ಬಂದಿದ್ದಳು. ಮೊಟ್ಟೆಯ ಹೆಸರೆತ್ತದ ಮನೆತನ ಅವರದು. ವ್ಯಾಸರಾಜನ ಕಣ್ಣಿಗೆ ಬೀಳದಂತೆ ಅದಕ್ಕೆ ಬಣ್ಣದ ಕಾಗದ ಅಂಟಿಸಿ, ಹನ್ನೆರಡು ಮನೆಗಳ ಅಗ್ರಹಾರ ಮಾಡಿಬಿಟ್ಟಿದ್ದಳು. ಕಡಲೆಜ್ಜಿಯ ಸಂಸಾರ ಹುಟ್ಟಿದ್ದು ಆ ಅಗ್ರಹಾರದಲ್ಲಿ. ಪ್ರಭೆ ಕತೆ ಎತ್ತಿಕೊಡುವಳು, ಮಗಳು ಬೆಳೆಸುವಳು, ಗೊರಕೆಯ ಸಾಲು ಮಾತ್ರ ಖಾಯಮ್ಮಾಗಿ ಮಗಳದೇ.

ಬೆಳಿಗ್ಗೆ ಏಳೂವರೆಗೆ ಗಂಡ ಫ್ರೀವೇ ಹಿಡಿದರೆ ಸಂಜೆ ಏಳಕ್ಕೆ ವಾಪಸು. ನಡುವೆ ಪ್ರಭೆಗೆ ಮಾತಿಗೆ ಸಿಗುತ್ತಿದ್ದ ಒಂದೇ ಜೀವ ಊರ್ಮಿಳೆ. ಮಗಳಿಗೆ ಪಾಠ ಆಗುತ್ತಿತ್ತೋ ಇಲ್ಲವೋ, ತಾಯಿಗೆ ಮಾತ್ರ ಅದು ಅನ್ನ ನೀರಿನಷ್ಟೇ ಬೇಕಾಗಿತ್ತು.

"ಶಾಲೆಯವ್ರು ಹಾಗೇ ಹೇಳಿದ್ರಾ?" ಎಂದು ಪ್ರಭೆ ಕೇಳಿದಳು. ಟೀಚರಮ್ಮನ ಇಂಗ್ಲಿಷು ಅವಳ ಕಿವಿಗೆ ಪೂರ್ತಿ ಹತ್ತಿರಲಿಲ್ಲ.

"ಇನ್ನೇನು ಮತ್ತೆ? ಮಗು ಇಂಗ್ಲಿಷಲ್ಲಿ ಒಂದು ವರ್ಡು ಆಡ್ಲಿಲ್ಲ. ಒಂದು ವರ್ಷ ಹಿಂದೆ ಹಾಕಿದಾರೆ. ಯಾಕೆ ಅಂದ್ಕೊಂಡೆ?"

ಪ್ರಭೆ ಮರುದಿನದಿಂದಲೇ ಇಂಗ್ಲಿಷಿನಲ್ಲಿ ಪಾಠ ಶುರು ಮಾಡಿದಳು. ಓದಲು ಬರುತ್ತಿತ್ತು, ನಾಲಿಗೆ ಮಾತ್ರ ತಿರುಗುತ್ತಿರಲಿಲ್ಲ. ಶನಿವಾರ ಮನೆಯಲ್ಲಿದ್ದ ವ್ಯಾಸರಾಜ ಪೇಪರು ಮಡಿಸಿಟ್ಟು ಹತ್ತು ನಿಮಿಷ ಕೇಳಿದ. ಅವನ ಸಂಕಟವೂ ಸುಳ್ಳಲ್ಲ. ಆಫೀಸಿನ ಮೀಟಿಂಗಿನಲ್ಲಿ ಅವನು ಬಾಯಿ ತೆರೆದರೆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ಅದನ್ನು ಅವನು ಹೆಂಡತಿಗೂ ಹೇಳಿಕೊಂಡಿರಲಿಲ್ಲ. ಆ ಉರಿಯನ್ನೆಲ್ಲ ತಂದು ಅವನು ಸುರಿದದ್ದು ಇಲ್ಲಿ.

"ಇದು ಬೇಡ ಪ್ರಭಾ. ನಿನ್ ಆಕ್ಸೆಂಟೇ ಮಗೂಗೂ ಅಂಟ್ಕೊಳ್ಳತ್ತೆ. ನೀನು ಕೈಯಲ್ಲಿ ತೋರ್ಸು, ಸಾಕು. ಮಾತಿಗೆ ಟೀವಿ ಇದೆ."

ಹೀಗೆ ಕನ್ನಡವೂ ಹೋಯಿತು, ಇಂಗ್ಲಿಷೂ ಹೋಯಿತು. ಅವಳೇಕೆ ಒಪ್ಪಿದಳು ಎಂದು ಕೇಳುವವರು ಕೇಳಲಿ. ಒಪ್ಪಿದಳು, ಯಾಕೆಂದರೆ ಶಾಲೆಯವರ ಮಾತು ಎಂದು ನಂಬಿದಳು. ತಾನೂ ಟೀಚರಾಗಿದ್ದವಳು, ಟೀಚರ ಮಾತಿಗೆ ಅವಳಲ್ಲಿ ಬೆಲೆಯಿತ್ತು. ಮಗಳು ಇನ್ನೊಂದು ವರ್ಷ ಹಿಂದೆ ಬಿದ್ದರೆ ಅದು ಯಾರ ತಲೆಗೆ ಬರುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

ಮೊದಲ ವಾರ ಊರ್ಮಿಳೆ ಬಿಡಲಿಲ್ಲ. ರಟ್ಟಿನ ಅಗ್ರಹಾರ ತಂದು ಮುಂದಿಟ್ಟು, "ಅಮ್ಮಾ, ಕಡಲೆಜ್ಜಿ ಎದ್ಲಾ?" ಎನ್ನುವಳು. ಪ್ರಭೆ ತುಟಿಯ ಮೇಲೆ ಬೆರಳಿಟ್ಟು, ಕಾಳಿನ ಬಟ್ಟಲು ತೋರಿಸುವಳು. ಮಗು ಸೆರಗು ಜಗ್ಗಿ ಕೇಳುವಳು, ಅಳುವಳು, ಆಮೇಲೆ ಆಟವಿರಬೇಕು ಎಂದುಕೊಂಡು ತಾನೂ ತುಟಿಯ ಮೇಲೆ ಬೆರಳಿಟ್ಟು ನಗುವಳು. ಪ್ರಭೆಗೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳಬೇಕಾಗುತ್ತಿತ್ತು. ಒಂದೆರಡು ಸಲ ತಡೆಯಲಾರದೆ ಮೆಲ್ಲಗೆ ಕತೆ ಹೇಳಿದ್ದೂ ಉಂಟು. ಆದರೆ ಮಗು ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಂದೆ ಕಡಲೆಜ್ಜಿಯನ್ನು ಕರೆತಂದುಬಿಟ್ಟಿತು. ವ್ಯಾಸರಾಜ ಕೈ ತೊಳೆದುಕೊಂಡು ಎದ್ದುಹೋದ. ಆಮೇಲೆ ಅವಳು ಆ ಗೋಜಿಗೆ ಹೋಗಲಿಲ್ಲ. ಗಂಡ ಹೆಂಡಿರ ನಡುವಿನ ಮಾತೂ ಮಗು ಮಲಗಿದ ಮೇಲೆ ಮಾತ್ರ.

ಕೈಗಳು ಮಾತ್ರ ಬಿಡುವಿಲ್ಲದೆ ದುಡಿದವು. ಬಟ್ಟೆಯ ಕ್ಲಿಪ್ಪು ಒತ್ತಿ ಬೆರಳಿಗೆ ಬಲ ಬರಿಸಿದಳು, ಚಿಕ್ಕ ಲೋಟದಿಂದ ದೊಡ್ಡ ಲೋಟಕ್ಕೆ ಚೆಲ್ಲದೆ ನೀರು ಸುರಿಯುವುದನ್ನು ಕಲಿಸಿದಳು, ಹಾಲಿನ ರಟ್ಟಿನ ಡಬ್ಬಿ ಕತ್ತರಿಸಿ ಚೌಕ, ತ್ರಿಕೋನ ಮಾಡಿಸಿದಳು. ತಪ್ಪಾದರೆ ಮಗುವಿನ ಮುಂಗೈ ಮೇಲೆ ಒಂದು ಬೆರಳು ತಟ್ಟುವಳು, ಸರಿಯಾದರೆ ಎರಡು. ದೀಪಾವಳಿಯ ಹೊತ್ತಿಗೆ ಊರ್ಮಿಳೆ ಕತೆ ಕೇಳುವುದನ್ನು ಬಿಟ್ಟಿದ್ದಳು. ಸಂಕ್ರಾಂತಿಯ ಹೊತ್ತಿಗೆ ಟೀವಿಯ ಮುಂದೆ ಕೂತು ಟೀವಿಗೆ ಉತ್ತರ ಕೊಡುತ್ತಿದ್ದಳು, ಚೊಕ್ಕ ಇಂಗ್ಲಿಷಿನಲ್ಲಿ. ವ್ಯಾಸರಾಜ ಹಿಗ್ಗಿ ಹೀರೇಕಾಯಿಯಾದ. ಮಗಳ ಇಂಗ್ಲಿಷು ಟೇಪಿನಲ್ಲಿ ಹಿಡಿದು ಬೆಂಗಳೂರಿಗೂ ಕಳಿಸಿದ. ಅಲ್ಲಿ ಅವನ ಅಪ್ಪ ಅಮ್ಮ, ಮೊಮ್ಮಗಳ ಮಾತು ಅರ್ಥವಾಗದಿದ್ದರೂ, ಇಡೀ ಬೀದಿಗೆ ಕೇಳಿಸಿ ಹೆಮ್ಮೆಪಟ್ಟರಂತೆ.

ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಅದೇ ಕೋಣೆ, ಅದೇ ಪುಟ್ಟ ಕುರ್ಚಿಗಳು, ಅದೇ ಬೆಳ್ಳಿಗೂದಲಿನ ಟೀಚರು. ಕಾರಿನಲ್ಲೇ ವ್ಯಾಸರಾಜ ಎಚ್ಚರಿಸಿದ್ದ: "ನೀನೇನೂ ಮಾತಾಡೋಕೆ ಹೋಗ್ಬೇಡ. ನಾನು ನೋಡ್ಕೋತೀನಿ."

ಗುಂಡಿಗಳ ಬಟ್ಟಲು ಬಂತು. ಊರ್ಮಿಳೆ ತುಟಿ ಬಿಗಿದು, ಎರಡು ನಿಮಿಷದಲ್ಲಿ ಬಣ್ಣ ಬಣ್ಣಕ್ಕೆ ಬೇರೆ ಮಾಡಿ ಕೈಕಟ್ಟಿ ಕೂತಳು. ಕತ್ತರಿ ಕೊಟ್ಟರೆ ಗೆರೆ ಹಿಡಿದು ಕತ್ತರಿಸಿದಳು. ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಟೀಚರಮ್ಮ ಬೆರಗಾಗಿ, ಇದನ್ನೆಲ್ಲ ನಿನಗೆ ಯಾರು ಕಲಿಸಿದರು ಎಂದರು.

"ಮೈ ಅಮ್ಮ," ಎಂದಳು ಮಗು. "ಶೀ ಕಾಂಟ್ ಟಾಕ್."

ಟೀಚರಮ್ಮನ ಮುಖದಲ್ಲಿ ಕರುಣೆ ಉಕ್ಕಿತು. ಪ್ರಭೆಯ ಕಡೆ ತಿರುಗಿ, ತಮ್ಮ ಎರಡೂ ಕೈ ಎದೆಗೆ ಒತ್ತಿಕೊಂಡು, ಮಗಳನ್ನು ತೋರಿಸಿ, ಹೆಬ್ಬೆರಳು ಎತ್ತಿದರು. ಸಾಲದೆಂದು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ 'ಥ್ಯಾಂಕ್ ಯೂ' ಎಂದು ಬರೆದು ಅವಳ ಕೈಗಿಟ್ಟರು. ಪ್ರಭೆ ಗಂಡನ ಮುಖ ನೋಡಿದಳು. ಒಂದು ಮಾತು, ಹಾಗಲ್ಲ ಎಂಬ ಒಂದೇ ಒಂದು ಮಾತು ಅವನು ಆಡಿದ್ದರೆ ಆಗಿತ್ತು. ವ್ಯಾಸರಾಜ ತನ್ನ ಟೈ ಸರಿಮಾಡಿಕೊಂಡ. ಪ್ರಭೆಗೆ ಮೈಯೆಲ್ಲ ಉರಿಯಿತು. ತಾನೇ ಹೇಳೋಣವೆಂದು ಬಾಯಿ ತೆರೆದಳು, ಒಂದು ವರ್ಷ ಹಗಲೆಲ್ಲ ಮುಚ್ಚಿದ್ದ ಬಾಯಿಗೆ ಹೊತ್ತಿಗೆ ಸರಿಯಾಗಿ ಒಂದು ಪದವೂ ಒದಗಲಿಲ್ಲ.

ಟೀಚರಮ್ಮ ಹಳೆಯ ಫೈಲು ತೆಗೆದು ಹೋದ ವರ್ಷದ ಕಾಗದದ ಪ್ರತಿಯ ಪಕ್ಕ ಈ ವರ್ಷದ್ದನ್ನಿಟ್ಟು ಬರೆಯತೊಡಗಿದರು. ಬರೆದಾದ ಮೇಲೆ, ಕಿವಿಯೂ ಕೇಳದ ತಾಯಿ ಓದಿಯಾದರೂ ಸಂತೋಷಪಡಲಿ ಎಂದು ಎರಡನ್ನೂ ಅವಳ ಕಡೆ ತಿರುಗಿಸಿದರು.

ಹೋದ ವರ್ಷದ್ದು: 'ಮನೆಮಾತಿನಲ್ಲಿ ಅದ್ಭುತವಾಗಿ ಮಾತಾಡುತ್ತಾಳೆ. ತಾನೇ ಕತೆ ಕಟ್ಟುತ್ತಾಳೆ. ದಯವಿಟ್ಟು ಇದನ್ನು ನಿಲ್ಲಿಸಬೇಡಿ, ಇಂಗ್ಲಿಷು ತಾನಾಗಿ ಬರುತ್ತದೆ. ವಯಸ್ಸು ತೀರ ಚಿಕ್ಕದು, ಒಂದು ವರ್ಷ ಕಾಯುವುದು ಒಳ್ಳೆಯದು.'

ಈ ವರ್ಷದ್ದು: 'ಎಲ್ಲದರಲ್ಲೂ ಮುಂದಿದ್ದಾಳೆ. ಶಾಲೆಗೆ ಸಿದ್ಧ. ಹೆಚ್ಚು ಮಾತಿಲ್ಲದ ಮಗು. ತಾಯಿ ಮೂಗಿ.'

ಪಾರ್ಕಿಂಗಿನಲ್ಲಿ ವ್ಯಾಸರಾಜ ಕಾರಿನ ಬಾಗಿಲು ತೆಗೆಯುವವರೆಗೂ ಪ್ರಭೆ ಕಾದಳು.

"ರೀ, ನಿಲ್ಲಿಸಬೇಡಿ ಅಂತ ಬರ್ದಿದ್ರಲ್ಲ."

ಅವನಿಗೆ ಯಾವುದು ಎಂದು ಕೇಳುವ ಅಗತ್ಯ ಬೀಳಲಿಲ್ಲ. "ಅವ್ರು ಪೊಲೈಟಾಗಿ ಹಾಗೆ ಬರೀತಾರೆ. ಒಳಗಿನ ಅರ್ಥ ನಾವು ಮಾಡ್ಕೋಬೇಕು. ಸೀಟು ಸಿಕ್ಕಿತಲ್ಲ, ಇನ್ನು ಆ ಮಾತು ಯಾಕೆ?"

"ನನ್ನನ್ನ ಮೂಗಿ ಅಂದ್ಕೊಂಡ್ರು. ನೀವು ಸುಮ್ನೆ ಕೂತಿದ್ರಿ."

"ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು ಅಂತ ನಿಂಗೆ ಗೊತ್ತಿಲ್ಲ," ಎಂದ ಅವನು, ಕೀಲಿ ತಿರುಗಿಸುತ್ತ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಈಗ ಏನು, ಸ್ಕೂಲಿಗೆ ಹೋಗ್ತಾಳೆ. ನಾಳೆಯಿಂದ ಏನು ಬೇಕಾದ್ರೂ ಮಾತಾಡ್ಕೋ" ಎಂದ. ಮನೆಯ ಮುಂದೆ ಇಬ್ಬರನ್ನೂ ಇಳಿಸಿ ಆಫೀಸಿಗೆ ಹೋದ.

ನಾಳೆಯವರೆಗೆ ಕಾಯುವ ತಾಳ್ಮೆ ಪ್ರಭೆಗಿರಲಿಲ್ಲ. ಬಟ್ಟೆ ಕೂಡ ಬದಲಾಯಿಸದೆ, ಕಪಾಟಿನ ಮೇಲಿಂದ ಬಣ್ಣ ಮಾಸಿದ ರಟ್ಟಿನ ಅಗ್ರಹಾರ ಇಳಿಸಿದಳು. ಕಡಲೆ, ಹೆಸರುಕಾಳು, ಅಲಸಂದೆ ಮೂರನ್ನೂ ಬಟ್ಟಲಿಗೆ ಸುರಿದು ಕಲಸಿ ನೆಲದ ಮೇಲೆ ಕೂತು, ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ಪುಟ್ಟೀ, ಕಡಲೆಜ್ಜಿ ಎದ್ದಳಂತೆ. ಎದ್ದು ನೋಡ್ತಾಳೆ, ಮನೇಲಿ ಒಂದು ಮೊಮ್ಮಗೂನೂ ಇಲ್ಲ. ಎಲ್ಲಿ ಹೋದ್ವು?"

ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು. ಊರ್ಮಿಳೆ ಗಾಬರಿಯಿಂದ ತಾಯಿಯ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ಆಮೇಲೆ ತುಟಿಯ ಮೇಲೆ ಪುಟ್ಟ ಬೆರಳಿಟ್ಟಳು.

"ಇಲ್ಲ ಕಂದ, ಇನ್ಮೇಲೆ ಮಾತಾಡಬಹುದು. ಅಪ್ಪ ಏನೂ ಅನ್ನಲ್ಲ. ಹೇಳು, ಎಲ್ಲಿ ಹೋದ್ವು?"

ಮಗುವಿಗೆ ಮಾತು ಅರ್ಥವಾಗಿತ್ತು. ಉತ್ತರ ಕೊಡುವುದು ಹೇಗೆಂದು ಮಾತ್ರ ತಿಳಿಯದೆ, ತಿಳಿದ ಕೆಲಸಕ್ಕೆ ಕೈಹಾಕಿತು. ಕಡಲೆ ಕಡಲೆಯ ಮನೆಗೆ, ಹೆಸರು ಹೆಸರಿನ ಮನೆಗೆ, ಅಲಸಂದೆ ಅಲಸಂದೆಯ ಮನೆಗೆ. ಒಂದು ಕಾಳೂ ದಾರಿ ತಪ್ಪಲಿಲ್ಲ. ಪ್ರಭೆ ಕತೆಯನ್ನು ಒಬ್ಬಳೇ ಎಳೆದುಕೊಂಡು ಹೋದಳು. ಮೊಮ್ಮಕ್ಕಳು ಸಿಕ್ಕರು, ಅಜ್ಜಿ ಬೈದಳು, ಊಟ ಹಾಕಿದಳು, ಕತ್ತಲಾಯಿತು, ಎಲ್ಲರೂ ಅವರವರ ಮನೆ ಸೇರಿದರು.

"ಸೇರಿ, ಎಲ್ಲಾರೂ ಬಾಗಿಲು ಹಾಕ್ಕೊಂಡು..." ಎಂದು ಅಲ್ಲಿಗೆ ನಿಲ್ಲಿಸಿ ಕಾದಳು.

ಊರ್ಮಿಳೆ ಬಟ್ಟಲಿನ ತಳ ನೋಡಿ, ಕೊನೆಯ ಅಲಸಂದೆಯನ್ನು ಅದರ ಮನೆಗೆ ಹಾಕಿದಳು.

"ಡನ್," ಎಂದಳು. ಆಮೇಲೆ, ಎರಡು ಬೆರಳು ತಟ್ಟಿಸಿಕೊಳ್ಳಲು ತನ್ನ ಮುಂಗೈಯನ್ನು ತಾಯಿಯ ಮುಂದೆ ಚಾಚಿದಳು.