ಕಡೀ ಎರಡು ಬೆರಳು

ಪಿಸಪಿಸ ಪಿಸಪಿಸ, ಒಳಗ ಒಲಿ ಮುಂದ ಕುಂತು ಫೋನಿನ್ಯಾಗ ಯಾರ ಜೋಡಿ ಮಾತಾಡಾಕತ್ತಾಳ ಇಕಿ, ರೇವಮ್ಮನ ದನಿ ಅಂದ್ರ ಎಂಟು ಮನಿ ದಾಟಿ ಕೇಳೂ ದನಿ, ನಲವತ್ತು ವರ್ಷ ಇಕಿ ಜೋಡಿ ಬಾಳೇವು ಮಾಡೀನಿ, ಗಂಡಗ ಬೈಯೂದಿದ್ರೂ ಖಜೂರಿ ಊರಿಗೆಲ್ಲ ಕೇಳಬೇಕು ಹಂಗ ಬೈತಾಳ, ಇವತ್ತ್ಯಾಕ ಇಷ್ಟ ಸಣ್ಣ ದನಿ — ಹೂಂ, ಬರ್ರಿ ಅಣ್ಣಾರ, ಅವರಿಗೇನೂ ಹೇಳಿಲ್ಲ — ಇಷ್ಟೇ ಕಿವಿಗೆ ಬಿತ್ತು, ಅಷ್ಟರಾಗ ಬಾಗಲ ಮುಂದ ಕಬ್ಬಿನ ಲಾರಿ ಗೇರ್ ಬದಲಿಸಿತು, ಮುಂದಿನ ಮಾತೆಲ್ಲಾ ಅದರ ಸಪ್ಪಳದಾಗ ಹೋತು. ಅವರು ಅಂದ್ರ ಯಾರು, ನಾನೇ, ಮಗ ಸೊಸಿ ಮುಂಜಾನೆನೇ ಕಡ್ಲಿ ಕೀಳಾಕ ಹೊಲಕ್ಕ ಹೋಗ್ಯಾರ, ಮನ್ಯಾಗ ಉಳದಾಂವ ನಾನೊಬ್ಬ, ಸೈದಪ್ಪ, ಎತ್ತಿನ ದಲಾಲಿ ಸೈದಪ್ಪ, ಬಲಗೈ ಕೊಳ್ಳಾಗಿನ ಪಟ್ಟ್ಯಾಗ ಕೂಸಿನಂಗ ಮಲಗಿಸಿಕೊಂಡು ಹೊರಸಿನ ಮ್ಯಾಲ ಕುಂತಾಂವ — ಝಂ, ಮತ್ತ ಬಂತು ನೋಡು, ಹೆಗಲಿನಿಂದ ಹೊಂಟು ಮೊಳಕೈಗೆ ಬಂದು ಅಲ್ಲಿಂದ ಕರೆಂಟ್ ಹರದಂಗ ಕಿರುಬೆರಳಿನ ತನ, ಹಲ್ಲು ಕಡಕೊಂಡು ಕುಂತೆ, ಯವ್ವಾ ಅಂದ್ರ ಇಕಿ ಓಡಿ ಬರ್ತಾಳ, ಫೋನ್ ಬಂದಾಗ್ತದ, ಯಾರಂತ ತಿಳಿಯಂಗಿಲ್ಲ. ತಿಳಿಯೂದೇನದ, ಅಣ್ಣಾರ ಅಂದ್ರ ದಾವಲಸಾಬ, ಇನ್ಯಾರಿಗೆ ಇಕಿ ಅಣ್ಣಾರ ಅಂತಾಳ. ಇಬ್ಬರೂ ಕೂಡಿ ಏನೋ ನಡಸ್ಯಾರ.

ಮೂವತ್ತೊಂದು ವರ್ಷ ಒಂದೇ ಸಂತ್ಯಾಗ ದಲಾಲಿ ಮಾಡೇವಿ ನಾನು ದಾವಲಸಾಬ, ಅವ ಎತ್ತಿನ ಹಲ್ಲು ನೋಡಾಂವ, ನಾ ಕೈ ಕೊಡಾಂವ, ಫಟಫಟಿ ಗಾಡಿ ಅವಂದು, ಹಿಂದ ಕುಂದ್ರಾಂವ ನಾ, ಅವತ್ತೂ ಅವನೇ ಹೊಡ್ಯಾಕತ್ತಿದ್ದ, ಹವಳಗಾ ಕಡಿಂದ ಬರಾಕತ್ತಿದ್ವಿ, ರಸ್ತೆ ತುಂಬ ತೊಗರಿ ಹಾಸಿದ್ರು, ಗಾಡಿ ಹಾದ್ರ ರಾಶಿ ಆಗ್ತದಂತ ಹಾಸ್ತಾರಲ್ಲ ಹಂಗ, ಅದರ ಮ್ಯಾಲ ಯಾವ ಮಗಾ ಬ್ರೇಕ್ ಹಾಕ್ತಾನ, ಇವ ಹಾಕಿದ, ಯಾಕ ಹಾಕಿದ, ಅವಗ ಮೊಳಕಾಲಾಗ ಒಂದಿಷ್ಟ ತೊಗಲು ಹೋತು, ನನ್ನ ಹೆಗಲು ಒಡದ ಗಡಿಗಿ ಆತು. ಆಡು ಅಡ್ಡ ಬಂತು ಸೈದಪ್ಪಣ್ಣ ಅಂದ. ನಾ ಆಡು ನೋಡಿಲ್ಲ. ಆರು ವಾರ ಆತು, ದಿನಾ ಆ ರಸ್ತೆ ಕಣ್ಣು ಮುಂದ ತಂದು ನೋಡ್ತೇನಿ, ತೊಗರಿ ಅದ, ಬಿಸಲದ, ದಾವಲಸಾಬನ ಬೆನ್ನದ, ಆಡಿಲ್ಲ. ಸೋಲಾಪುರದಾಗ ಡಾಕ್ಟರ್ ಎಲುಬಿನ ಫೋಟೋ ಬೆಳಕಿಗೆ ಹಿಡದು ಚೂರು ಚೂರು ಆಗೇದ ಅಜ್ಜಾ, ಕೂಡಂಗಿಲ್ಲ, ಕೀಲೇ ಬದಲಿ ಮಾಡಬೇಕು ಅಂದ್ರು, ದಾವಲಸಾಬ ಮಾಡ್ರಿ ಅಂದ, ನನಗ ಕೇಳಿದ್ರೇನು, ಹೆಗಲು ನಂದು, ಹೂಂ ಅಂದಾಂವ ಅವ. ಕೀಲು ಬದಲಿ ಅಂದ್ರ ಗಾಡಿ ಕೀಲೇನದು. ಕೊಳ್ಳಿನ ಬಾಜೂಕ ಒಂದು ಸೂಜಿ ಚುಚ್ಚಿದ್ರು, ಕೈ ಮಲಗಸ್ತೀವಿ ಅಂದ್ರು, ನಾ ಮಲಗಿದೆ, ಎದ್ದೆ, ಕೈ ಏಳಲಿಲ್ಲ. ನರ್ಸಬಾಯಿ ಮರಾಠಿ ಮಂದಿ, ಹಾತ ಝೋಪಲಾ ಆಜೋಬಾ, ಉದ್ಯಾ ಉಠೇಲ ಅಂದ್ಲು, ಕೈ ಮಲಗೇದ, ನಾಳೆ ಏಳ್ತದ ಅಂತ, ನಗಕೋತ ಅಂದ್ಲು. ನಾಳೆ ಹೆಬ್ಬೆರಳು ಎದ್ದಿತು, ತೋರುಬೆರಳು ಎದ್ದಿತು, ನಡುವಿಂದು ಅರ್ಧ ಎದ್ದಿತು, ಕಡೀ ಎರಡು ಏಳಲಿಲ್ಲ, ಉಂಗುರಬೆರಳು, ಕಿರುಬೆರಳು. ಡಾಕ್ಟರಿಗೆ ಕೇಳಿದ್ರ ನರ ಜಗ್ಗಿದಂಗಾಗೇದ, ಹರದಿಲ್ಲ, ಭಾಳ ತಿಂಗಳು ಹಿಡೀತದ, ದಿನಕ್ಕ ಕೂದಲೆಳಿಯಷ್ಟ ಜೀವಾ ತುಂಬಕೋತ ಬರ್ತದ ಅಂತಾರ. ಜಗ್ಗಿದವರ್ಯಾರ್ರಿ, ನಾ ಜಗ್ಗಿಲ್ಲ, ಬೀಳುವಾಗ ಜಗ್ಗಿತೋ, ನೀವು ಒಳಗ ಕೀಲು ಕೂಡಸುವಾಗ ಜಗ್ಗಿದ್ರೋ, ಯಾರ ನೋಡ್ಯಾರ, ನಾ ಅಂತೂ ನಿದ್ದ್ಯಾಗಿದ್ದೆ. ಎರಡನೇ ದಿನ ಬಾಗಲ ಹೊರಗ ರೇವಮ್ಮ ದಾವಲಸಾಬ ಪಿಸಪಿಸ, ನನಗ ನಿದ್ದಿ ಹತ್ತೇದಂತ ತಿಳದಿದ್ರು, ಹತ್ತಿದ್ದಿಲ್ಲ, ಸುಮ್ನ ಕಣ್ಣು ಮುಚ್ಚಿದ್ದೆ. ಕೈ ಬರಲಿಲ್ಲಂದ್ರ ಅಂದ್ಲು ಇಕಿ. ಅವ ಏನಂದ ಕೇಳಲಿಲ್ಲ.

ಇವತ್ತ ಮುಂಜಾನೆ ನೋಡ್ತೇನಿ, ಉಂಗುರಬೆರಳಿನ ಮ್ಯಾಲ ಗುಳ್ಳಿ, ನೀರು ತುಂಬಿದ ಗುಳ್ಳಿ, ಕಡ್ಲಿಕಾಳಿನಷ್ಟದ. ಎಲ್ಲಿಂದ ಬಂತಿದು, ಸುಟ್ಟ ಗುಳ್ಳಿ ಅನ್ನೂದು ಕೂಸಿಗೂ ತಿಳೀತದ, ಸುಟ್ಟವರ್ಯಾರು. ರೇವಮ್ಮಗ ಕೇಳಿದ್ರ ನಿನ್ನೆ ಸಂಜಿಕ ಚಾದ ಗ್ಲಾಸ್ ಹಿಡಕೊಂಡು ಕುಂತಿದ್ರಿ, ಸುಡೂದು ಗೊತ್ತಾಗಲಿಲ್ಲೇನು ಅಂತಾಳ, ಅನ್ನುವಾಗ ನನ್ನ ಮಾರಿ ನೋಡಂಗಿಲ್ಲ, ರೊಟ್ಟಿ ನೋಡ್ತಾಳ. ಚಾದ ಗ್ಲಾಸ್ ಸುಟ್ರ ನನಗ ತಿಳಿಯಂಗಿಲ್ಲೇನು. ನನಗ ಬ್ಯಾರೆ ಶಕ್ ಅದ, ಇಕಿ ತವರ ಕಡಿ ಜೋಮು ಹಿಡದ ಕೈಗೆ ಬರಿ ಹಾಕ್ತಾರ, ಕಾದ ಸೂಜಿಲೆ ಚುಟುಕಂತ, ನಾ ಗುಳಿಗಿ ನುಂಗಿ ಮಲಗಿದಾಗ ಹಾಕ್ಯಾಳೇನು, ಹಾಕಿದ್ರ ಚುರ್ರ್ ಅಂತಿತ್ತು, ಎಚ್ಚರ ಆಗ್ತಿತ್ತು — ಆಗಲಿಲ್ಲ. ಇರಲಿ. ಬೆರಳು ಬರಾಕತ್ತಾವ, ಖರೇ ಬರಾಕತ್ತಾವ, ಈ ವಾರ ಎಷ್ಟ ಝಂ ಅಂದಾವಂದ್ರ, ಇರುವಿ ಹರದಂಗ, ಬೆಂಕ್ಯಾಗ ಇಟ್ಟಂಗ, ನಡುವ ಒಮ್ಮೊಮ್ಮಿ ಹೊದಕಿ ಹತ್ತಿದ್ರೂ ಉರೀತದ, ಆಳಂದ ದವಾಖಾನಿ ಅನುರಾಧಾ ಮೇಡಂ ಹೇಳ್ಯಾರ, ಝಂ ಅಂದ್ರ ಹೆದರಬ್ಯಾಡ್ರಿ ಕಾಕಾ, ಮಲಗಿದ ನರ ಮೈ ಮುರಿಯಾಕತ್ತದ ಅಂತ ತಿಳೀರಿ. ವಾರಕ್ಕ ಎರಡು ಸಲ ಬಸ್ ಹತ್ತಿ ಹೋಗ್ತೇನಿ, ಬಗ್ಗಿ ನಿಂತು ಕೈ ಬಾವ್ಯಾಗಿನ ಕೊಡದಂಗ ಇಳಿಬಿಟ್ಟು ತೂಗಬೇಕು, ಸುತ್ತಬೇಕು, ಮೆತ್ತನ ಚಂಡು ಹಿಚಕಬೇಕು, ಆಮ್ಯಾಲ ಹತ್ತಿ ಪರೀಕ್ಷಾ. ಕಣ್ಣು ಮುಚ್ರಿ ಕಾಕಾ, ಹತ್ತಿ ಎಲ್ಲಿ ಮುಟ್ಟಿತು ಹೇಳ್ರಿ. ಯಾಕ ಮುಚ್ಚಬೇಕು, ಕಣ್ಣು ಮುಚ್ಚಿಸಿ ಏನು ಮಾಡ್ತಾರೋ ಏನೋ, ಒಮ್ಮಿ ಕಣ್ಣು ಮುಚ್ಚಿಸಿದವರು ಹೆಗಲೇ ತಗದಾರ, ನಾ ರೆಪ್ಪಿ ಜರಾ ಬಿಟ್ಟಿರ್ತೇನಿ, ಕೂದಲೆಳಿಯಷ್ಟ, ಹತ್ತಿ ಕಿರುಬೆರಳಿಗೆ ಬಂತು, ಕಿರುಬೆರಳು ಅಂದೆ, ಉಂಗುರಬೆರಳಿಗೆ ಬಂತು, ಉಂಗುರಬೆರಳು ಅಂದೆ. ಆಕಿ ಖುಷಿಯಾಗಿ ಕಾಗದದಾಗ ಬರಕೊಂಡ್ಲು, ಭಾಳ ಲಗೂ ಬಂತ್ರಿ ಕಾಕಾ ಅಂದ್ಲು, ನನಗೂ ಖುಷಿ ಆತು. ಮೋಸ ಅಲ್ಲದು. ಕಣ್ಣಿಗೆ ಕಂಡಕೂಡ್ಲೇ ಬೆರಳಿಗೂ ಮುಟ್ಟಿದಂಗ ಆಗೇ ಆಗಿತ್ತು, ಆಗಿದ್ದಿಲ್ಲಂತ ಯಾರ ಹೇಳ್ತಾರ.

ಕೈ ಅಂದ್ರ ಮಂದಿಗೆ ಉಣ್ಣಾಕ ತೊಳಿಯಾಕ, ನನಗ ಹಂಗಲ್ಲ, ಜೇವರಗಿ ಎತ್ತಿರಲಿ ಅಫಜಲಪುರದ ಗಿರಾಕಿ ಇರಲಿ, ಸೌದಾ ಬಾಯಿಲೆ ಆಗಂಗಿಲ್ಲ, ಕೈ ಮ್ಯಾಲ ಟಾವೆಲ್ ಹೊಚ್ಚತೇವಿ, ಅದರ ಕೆಳಗ ಅವ ನನ್ನ ಬೆರಳು ಹಿಡೀತಾನ, ನಾ ಅವನ ಬೆರಳು ಹಿಡೀತೇನಿ, ಸುತ್ತ ನಿಂತವರಿಗೆ ದರ ತಿಳಿಯಂಗಿಲ್ಲ. ತೋರುಬೆರಳು ಹಿಡದ್ರ ಒಂದು, ನಡುವಿಂದೂ ಕೂಡಿದ್ರ ಎರಡು, ಹಂಗ ನಾಕು ತನ, ಅಂಗೈ ಪೂರಾ ಹಿಡದ್ರ ಐದು, ಆಮ್ಯಾಲ ಕಡಿಯಿಂದ ಬರಬೇಕು, ಕಿರುಬೆರಳೊಂದ ಆರು, ಕಿರುಬೆರಳು ಉಂಗುರಬೆರಳು ಕೂಡಿದ್ರ ಏಳು. ಸೌದಾ ಮಾಡುವಾಗ ಒಬ್ಬರ ಮಾರಿ ಒಬ್ಬರು ನೋಡಬಾರದು, ಎತ್ತಿನ ಕೋಡು ನೋಡಬೇಕು ಇಲ್ಲಾ ರಸ್ತೆ ನೋಡಬೇಕು, ಸೌದಾ ಕುದರೂ ತನಾ ಟಾವೆಲ್ ಎತ್ತಬಾರದು, ನಡುವ ಎತ್ತಿದವಗ ಇಮಾನ ಇಲ್ಲಂತ ಅರ್ಥ, ಅಂಥವನ ಕೈಯಾಗ ಮತ್ತ ಯಾರೂ ಕೈ ಕೊಡಂಗಿಲ್ಲ. ಮೂವತ್ತೊಂದು ವರ್ಷದಾಗ ನಾ ಒಮ್ಮಿನೂ ಎತ್ತಿಲ್ಲ. ಈಗ ಆ ಹೊಸಾ ದಲಾಲಿ ದಿಲೀಪ ಬಂದಾನ, ನಿಂಬರಗಿ ಕಡ್ಯಾಂವ, ಮೂವತ್ತು ದಾಟಿಲ್ಲ, ಕೈ ಬೆಣ್ಣಿಯಂಗ ಅವಂತ, ಹೋದ ಸಂತ್ಯಾಗ ದಾವಲಸಾಬನ ಬಾಜೂಕ ನಿಂತಿದ್ದನಂತ, ಯಾಕ ನಿಂತಿದ್ದ, ಚಾ ಕುಡಿಯಾಕ ನಿಂತಿದ್ದನೇನು. ಇಪ್ಪತ್ತು ದಿನ ಆತು ದಾವಲಸಾಬ ಮನಿ ಕಡಿ ಹಾದಿಲ್ಲ, ಗಾಡಿ ರಿಪೇರಿಗೆ ಬಿಟ್ಟೀನಿ ಅಂತ ಫೋನಿನ್ಯಾಗ ಅಂದ, ಸಂತಿಗೆ ಮಾತ್ರ ಗಾಡಿ ಇಲ್ಲದೇನೂ ಹೋಗ್ಯಾನ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡನಂತ, ಅವ ಬರಲಿ, ಹೆಗಲು ಮುಟ್ಟಿಕೊಳ್ತಾನೋ ಇಲ್ಲೋ ನೋಡೇ ಬಿಡ್ತೇನಿ.

ಬಂದ. ಗಾಡಿ ಸಪ್ಪಳ ಇಲ್ಲ, ನಡಕೋತ ಬಂದಾನ ಬಸ್‌ಸ್ಟ್ಯಾಂಡಿನಿಂದ, ಕುಂಟಾಕತ್ತಾನ, ಆರು ವಾರ ಆದ್ರೂ ಆ ಮೊಳಕಾಲು ಹಂಗೇ ಅದ ಅಂತೇನು, ಇಲ್ಲಾ ನನ್ನ ಮುಂದ ಕುಂಟಾಕತ್ತಾನೇನು. ಹ್ಯಾಂಗದಿ ಸೈದಪ್ಪಣ್ಣ ಅಂದ, ಹೊರಸಿನ ಮ್ಯಾಲ ಬಲಬಾಜೂಕ ಕುಂತ, ರೇವಮ್ಮ ಚಾ ತಂದು ಇಟ್ಲು, ನನ್ನ ಗ್ಲಾಸು ಎಡಗಡಿ ಇಟ್ಲು, ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ರು, ಕಂಡೀನಿ ನಾ. ಅವ ಸುತ್ತು ಬಳಸಿ ಬಂದ, ಮಳಿ ಇಲ್ಲ ಮೇವಿಲ್ಲ ಅಂದ, ಕಡೀಕ ಬಂದ ಮಾತಿಗೆ, ಈ ಸಂತಿಗೆ ಅಫಜಲಪುರದ ದೊಡ್ಡ ಗಿರಾಕಿ ಬರಾಕತ್ತಾನ, ಎರಡು ಜೋಡಿ ಬೇಕಂತ, ನೀ ಬರ್ತಿ ಏನು. ಬರ್ತೇನಿ ಅಂದೆ. ಬೆರಳು ಹ್ಯಾಂಗವ ಅಂದ. ಮೇಡಂ ಬರದು ಕೊಟ್ಟಾರ ಬೇಕಾದ್ರ ಓದಿಸು ಅಂದೆ. ಕಾಗದ ಬ್ಯಾಡಣ್ಣ, ಅಂದ, ತನ್ನ ಹೆಗಲ ಮ್ಯಾಲಿನ ಟಾವೆಲ್ ತಗದ, ನನ್ನ ಪಟ್ಟಿ ಮ್ಯಾಲ ಹೊಚ್ಚಿದ, ಕೈ ಕೊಡು ಅಂದ.

ಓಹೋ, ನನಗ ಪರೀಕ್ಷಾ, ಮೂವತ್ತೊಂದು ವರ್ಷ ಆದಮ್ಯಾಲ, ಇದಕ್ಕ ಏನು ಆ ಪಿಸಪಿಸ, ಇದನ್ನ ಹೇಳಿಕೊಟ್ಟಾಕಿ ಇಕೀನೇ, ಬಾಗಲಾಗ ಸೆರಗು ಹಿಡಕೊಂಡು ನಿಂತಾಳ ನೋಡು, ಆಗಲಿ, ನಾನೂ ರಸ್ತೆ ಕಡಿ ಮಾರಿ ತಿರುವಿದೆ, ಅವನೂ ತಿರುವಿದ, ಅವನ ಕೈ ಟಾವೆಲಿನ ಕೆಳಗ ಬಂತು, ಗಾಳಿ ಹಾದಂಗಾತು, ಕೈ ತುಂಬ ಇರುವಿ, ಹೆಗಲಿನ ಹೊಸಾ ಕಬ್ಬಿಣದ ಕೀಲು ಭಾರ, ನಾ ಕಾಯಾಕತ್ತೇನಿ, ತೋರುಬೆರಳಿಗೆ ಏನಿಲ್ಲ, ನಡುಬೆರಳಿಗೆ ಏನಿಲ್ಲ, ಯಾಕ ಹಿಡೀವಲ್ಲ ಇವ, ಲಾರಿ ಹೋತು, ಸಾಲಿ ಹುಡುಗೇರು ಹೋದ್ರು, ಇನ್ನೊಂದು ಲಾರಿ ಹೋತು, ಹಿಡಿಯೋ ಮಾರಾಯಾ, ಕೈ ಒಳಗಿಟ್ಟು ಸುಮ್ನ ಕುಂತಾನ, ಮನಸಿಲ್ಲ ಅವಗ, ದಿಲೀಪಗ ಮಾತು ಕೊಟ್ಟು ಬಂದಾನ, ಕೈ ಕೊಟ್ಟಂಗ ಮಾಡಬೇಕು, ಕೊಡಬಾರದು, ಆಮ್ಯಾಲ ಸಂತ್ಯಾಗ ಹೇಳ್ತಾನ, ನೋಡಿದೆ, ಸೈದಪ್ಪನ ಕೈ ಸತ್ತದ, ಹಿಡದ್ರ ತಿಳಿಯಂಗಿಲ್ಲ, ಹಿಡೀದೇನೇ ಹಂಗ ಹೇಳ್ತಾನ, ಆಡು ಬಂತು ಅಂದಂಗ ಹೇಳ್ತಾನ, ಆ ಸುಳ್ಳು ನಂಬಿ ಅರವತ್ನಾಕು ವರ್ಷದಾಂವ ನಾ ಹೊರಸಿನ ಮ್ಯಾಲ ಚಂಡು ಹಿಚಕೋತ ಕುಂದ್ರಬೇಕು, ಮತ್ತ ಯಾವ ಗಿರಾಕಿನೂ ನನ್ನ ಕೈಯಾಗ ಕೈ ಇಡಂಗಿಲ್ಲ, ಅಂಜಿಕಿ ಬಂತು, ಸಿಟ್ಟೂ ಬಂತು, ದಾವಲಸಾಬ, ಹಿಡಿ ಅಂದೆ, ಅವ ರಸ್ತೆ ನೋಡಾಕತ್ತಾನ, ಹಿಡಿಯೋ ಬೇಮಾನಿ ಅಂದೆ, ಅಂದು ಎಡಗೈಲೆ ಟಾವೆಲ್ ಕಿತ್ತಿ ಒಗದೆ.

ಹಿಡದಾನ. ಕಿರುಬೆರಳು ಉಂಗುರಬೆರಳು ಎರಡೂ ಕೂಡಿಸಿ ಮುಷ್ಟ್ಯಾಗ ಹಿಡದಾನ, ಜಗ್ಗಿ ಓಡೂ ಹೋರಿ ಹಗ್ಗ ಹಿಡದಂಗ, ಅವನ ಉಗುರು ಬೆಳ್ಳಗಾಗ್ಯಾವ, ಗುಳ್ಳಿ ಒಡದು ನೀರು ಅವನ ಹೆಬ್ಬೆರಳ ಮ್ಯಾಲ ಹರದದ, ನನ್ನ ಬೆರಳಿನ ತುದಿ ನೀಲಿ ಆಗ್ಯಾವ. ಕುಂತಾಗಿಂದ ದರ ಏಳು ಅಂತ ಹೇಳಾಕತ್ತೇನಣ್ಣ, ಅಂತಾನ, ಸಣ್ಣಾಗಿ ಹಿಡದೆ, ಬಿಗಿ ಹಿಡದೆ, ನೀ ಏನೂ ಅನ್ನಲಿಲ್ಲ. ಅವ ನನ್ನ ಮಾರಿ ನೋಡಾಕತ್ತಾನ, ನೋಡಬಾರದು, ನಾ ಅವನ ಮಾರಿ ನೋಡಂಗಿಲ್ಲ, ಬೆರಳು ನೋಡ್ತೇನಿ, ಕಣ್ಣಿಗೆ ಕಾಣಾಕತ್ತದ, ಈಗಾದ್ರೂ ಮುಟ್ಟಿದಂಗ ಆಗಬೇಕಲ್ಲ, ಕಣ್ಣು ದೊಡ್ಡದು ಮಾಡಿ ನೋಡ್ತೇನಿ, ಹಿಡದಾನ, ಇನ್ನೂ ಬಿಟ್ಟಿಲ್ಲ, ಆ ಮುಷ್ಟಿ, ಅದರಾಗ ಎರಡು ಬೆರಳು, ಬೆಳ್ಳನ ಉಗುರು, ಹಿಡದಾನ, ಹಿಡದಾನ