ನಾಲ್ಕನೇ ಚಟುವಟಿಕೆ

"ಎರಡು ಕ್ಯಾನು ಅಂದ್ರೆ ಎರಡೇ ಕಣೇ, ಬೋಸುಡಿ! ಮೂರ್ನೇದು ಯಾವನ್ಗೆ? ನಿಮ್ಮಪ್ಪ ತೋಡಿದ್ ಬಾವಿಯೇನೇ ಇದು?"

ಜಮೀನ್ದಾರ ಮೌಲಾಯ್ ತಾಹರ್ ಒದ್ದ ಒದೆತಕ್ಕೆ ಮಸೂದಾಳ ಮೂರನೇ ಕ್ಯಾನು ಉರುಳಿಬಿತ್ತು. ಅರ್ಧ ತುಂಬಿದ್ದ ನೀರು ಗುಳಗುಳನೆ ಹೊರಗೆ ಬಂದು ಮರಳಿಗೆ ಇಳಿಯಿತು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಆ ಒದ್ದೆ ಮರಳನ್ನೇ ನೋಡಿದರು. ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ನಲ್ಲಿ ಬಂದ್.

"ಅತ್ತೆಗೆ ಭೇದಿ ಹತ್ಕಂಡೈತೆ ಒಡೆಯಾ. ಬಟ್ಟೆ ಒಗೀಬೇಕಿತ್ತು."

"ಮುದುಕಿ ಹೇತಿದ್ಕೆಲ್ಲ ನಾನು ನೀರು ಹುಯ್ಯಕಾಯ್ತದಾ? ಮರಳಲ್ಲಿ ತಿಕ್ಕು. ನಿಮ್ ಕರೀ ಜಾತಿಗೆ ಅದೇನು ಹೊಸದಾ?"

ಮಸೂದಾ ಬಗ್ಗಿ ಖಾಲಿ ಕ್ಯಾನನ್ನು ಎತ್ತಿಕೊಂಡಳು. ಬಾವಿ ತೋಡುವುದೇ ಅವಳ ಅಪ್ಪನ ಕಸುಬಾಗಿತ್ತು. ಕೇರಿಯ ನಡುವೆ ಇದ್ದ ಬಾವಿಯನ್ನು ಅವನೇ ತೋಡಿದ್ದ. ಐದು ವರ್ಷದ ಕೆಳಗೆ ಮೌಲಾಯ್ ಬೋರು ಕೊರೆಸಿ ಕಲ್ಲಂಗಡಿ ಹಾಕಿದ. ಅದರ ಮರುವರ್ಷವೇ ಆ ಬಾವಿಯಲ್ಲಿ ಹಗ್ಗ ಬಿಟ್ಟರೆ ಬರೀ ಮಣ್ಣು ಬಂತು. ಅವತ್ತಿನಿಂದ ಹತ್ತೊಂಬತ್ತು ಮನೆಯವರೂ ಅವನ ಪಂಪಿನ ಮನೆಯ ಮುಂದೆ ನಿಲ್ಲುತ್ತಿದ್ದರು. ಬೆಳಗಿನ ನಮಾಜಾದ ಮೇಲೆ ಒಂದು ತಾಸು ನಲ್ಲಿ ಬಿಡುತ್ತಿದ್ದ, ಮನೆಗೆ ಎರಡು ಕ್ಯಾನು. ಧರ್ಮಕ್ಕೆ ಕೊಡುತ್ತೇನೆ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ.

"ಆ ಹುಡುಗಿ ಏನು ಗೀಚ್ತಾ ಅವ್ಳೆ ಅಲ್ಲಿ?"

ಪಂಪಿನ ಮನೆಯ ಹಿಂದುಗಡೆ, ದಪ್ಪ ಕೊಳವೆಯಿಂದ ನೀರು ತೊಟ್ಟಿಗೆ ಧುಮುಕುವ ಕಡೆ, ಇಕ್ರಾಮ್ ಕುಕ್ಕರುಗಾಲಲ್ಲಿ ಕೂತಿದ್ದಳು. ಮಸೂದಾಳ ಹಿರಿಮಗಳು, ಹನ್ನೆರಡು ವರ್ಷ, ಆರನೇ ಕ್ಲಾಸು. ಪಕ್ಕದಲ್ಲಿ ಬಕೆಟ್ಟು, ಮೊಣಕಾಲಿನ ಮೇಲೆ ಕಾಗದ.

"ಇಸ್ಕೂಲಿಂದು ಮೌಲಾಯ್. ಮನೇಲಿ ಮಾಡೋ ಪಾಠ," ಎಂದಳು ಇಕ್ರಾಮ್.

ಅವನ ಮುಖ ಸ್ವಲ್ಪ ಸಡಿಲವಾಯಿತು. "ಹ್ಞಾಂ, ಬರೀ ಬರೀ. ಆ ಹಾಳೆ ಅಚ್ಚು ಹಾಕ್ಸಿದ್ದು ಯಾರು ಗೊತ್ತೇನೇ? ನಾನು. ಕೆಳಗಡೆ ನನ್ ಹೆಸ್ರೈತೆ ನೋಡು."

ಅದು ರೋಗ ಬಂದು ಶಾಲೆ ಮುಚ್ಚಿದ ವರ್ಷ. ಶಾಲೆ ಮುಚ್ಚಿತ್ತು, ಮಸೀದಿ ಮುಚ್ಚಿತ್ತು, ಬಸ್ಸು ನಿಂತಿತ್ತು. ಗಾರೆ ಕೆಲಸಕ್ಕೆಂದು ಸಮುದ್ರದ ಕಡೆ ಹೋದ ಮಸೂದಾಳ ಗಂಡ ಅಲ್ಲೇ ಸಿಕ್ಕಿಬಿದ್ದಿದ್ದ. ಕಲ್ಲಂಗಡಿಗೆ ಮಾತ್ರ ರೋಗ ತಾಗಿರಲಿಲ್ಲ. ಲಾರಿಗಳು ದಿನಾ ಬರುತ್ತಿದ್ದವು. ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಂಡು ದಿನಾ ಕಾಯಿ ಕೀಳುತ್ತಿದ್ದರು.

*

ಮಧ್ಯಾಹ್ನ ಮಸೂದಾ ಹೊಲದಿಂದ ಬಂದು ಗೋಡೆಗೆ ಒರಗಿ ಕಾಲು ಚಾಚಿದಳು. ಸೊಂಟ ಕಳಚಿ ಪಕ್ಕಕ್ಕೆ ಇಟ್ಟುಬಿಡೋಣ ಅನ್ನಿಸುವಷ್ಟು ನೋಯುತ್ತಿತ್ತು. ಒಳಗೆ ಅತ್ತೆ ನರಳುತ್ತಿದ್ದಳು. ಇಬ್ಬರು ಸಣ್ಣ ಗಂಡುಮಕ್ಕಳು ಬಾರ್ಲಿ ರೊಟ್ಟಿಯ ಚೂರಿಗೆ ಕಿತ್ತಾಡುತ್ತಿದ್ದರು. ಇಕ್ರಾಮ್ ಹೊಸ್ತಿಲ ಮೇಲೆ ಹಾಳೆ ಹರಡಿಕೊಂಡಿದ್ದಳು.

'ಮನೆಯಲ್ಲೇ ಕಲಿ' ಎಂದು ಮೇಲೆ ಬರೆದಿತ್ತು. ಒಂದನೇ ಚಟುವಟಿಕೆ, ಹತ್ತಿಯಲ್ಲಿ ಕಾಳು ಮೊಳಕೆ ಕಟ್ಟುವುದು. ಅದರ ಕಾಳನ್ನು ಮೂರನೇ ದಿನ ಕಿರಿಯವನು ತಿಂದುಬಿಟ್ಟಿದ್ದ. ಎರಡನೆಯದು, ನಿಮ್ಮ ಓದುವ ಕೋಣೆಯ ಚಿತ್ರ. ಇಕ್ರಾಮ್ ಹೊಸ್ತಿಲು ಬರೆದಿದ್ದಳು. ಮೂರನೆಯದು, ಅಜ್ಜಿಯ ಬಾಯಲ್ಲಿ ಕೇಳಿದ ಕತೆ. ನಾಲ್ಕನೆಯದು ನೀರು.

"ಓದು ನೋಡನ," ಎಂದಳು ಮಸೂದಾ. ಅವಳಿಗೆ ಅಕ್ಷರ ಬಾರದು. ಮಗಳು ಓದುವುದನ್ನು ಕೇಳಿದರೆ ಸೊಂಟಕ್ಕೆ ಎಣ್ಣೆ ತಿಕ್ಕಿದಂತೆ ಆಗುತ್ತಿತ್ತು.

"ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಬಳಸುತ್ತೀರಿ? ಏಳು ದಿನ ಅಳೆದು ಬರೆಯಿರಿ. ಊರಲ್ಲಿ ಹೆಚ್ಚು ನೀರು ಖರ್ಚಾಗುವ ಜಾಗ ಗುರುತಿಸಿ. ಉಳಿಸಲು ಮೂರು ಉಪಾಯ ಬರೆಯಿರಿ. ಉದಾಹರಣೆ: ಹಲ್ಲು ಉಜ್ಜುವಾಗ ನಲ್ಲಿ ನಿಲ್ಲಿಸಿ. ಸ್ನಾನದ ತೊಟ್ಟಿಯನ್ನು ಅರ್ಧ ಮಾತ್ರ ತುಂಬಿಸಿ."

"ಸ್ನಾನದ ತೊಟ್ಟಿ ಅಂದ್ರೇನೇ?"

"ಅದ್ರೊಳಗೆ ಮಲೀಕಂಡು ಸ್ನಾನ ಮಾಡ್ತಾರಂತೆ."

"ಮಲೀಕಂಡಾ?" ಮಸೂದಾಗೆ ನಗು ಬಂತು. "ಸತ್ತವ್ರಿಗೆ ಮಾತ್ರ ಹಂಗೆ ಮೀಯ್ಸದು."

ಒಳಗಿಂದ ಅತ್ತೆಯ ದನಿ ಬಂತು. "ನಂಗೂ ಅರ್ಧಾನೇ ತುಂಬ್ಸಿ, ಉಳೀಲಿ."

ಮೂವರೂ ನಕ್ಕರು. ಆಮೇಲೆ ಇಕ್ರಾಮ್ ಕಾಗದ ತಿರುಗಿಸಿದಳು. "ನಮ್ದು ಐದು ಜನಕ್ಕೆ ದಿನಕ್ಕೆ ನಲವತ್ತು ಲೀಟರು. ಹೆಚ್ಚು ಖರ್ಚಾಗೋ ಜಾಗ ಮೌಲಾಯ್ ತೊಟ್ಟಿ. ಇಪ್ಪತ್ತು ಲೀಟರಿನ ಬಕೆಟ್ಟು ಕೊಳವೆ ಕೆಳಗೆ ಹಿಡ್ದೆ. ಒಂದು, ಎರಡು ಅನ್ನೋದ್ರೊಳಗೆ ತುಂಬ್ತು. ಹತ್ತು ಸಲ ಹಿಡ್ದೆ, ಅಷ್ಟೇ. ಪಂಪು ದಿನಕ್ಕೆ ಹದಿನಾಲ್ಕು ಗಂಟೆ ಓಡ್ತದೆ. ಎಲ್ಲಾ ಗುಣಿಸ್ದ್ರೆ ಐದು ಲಕ್ಷ ನಾಲ್ಕು ಸಾವಿರ ಲೀಟರು."

"ಅದೆಷ್ಟಾಯ್ತದೆ?"

"ಅವ್ರ ಹೊಲ ಒಂದಿನಕ್ಕೆ ಕುಡ್ಯೋದು ನಮ್ಮನೆಗೆ ಮೂವತ್ನಾಲ್ಕು ವರ್ಷ ಬತ್ತದೆ."

ಮಸೂದಾಗೆ ಆ ಚಳಿಗಾಲಕ್ಕೆ ಮೂವತ್ನಾಲ್ಕು ತುಂಬಿತ್ತು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ನೀರು ಹೊತ್ತದ್ದು, ಬಸುರಿಯಾಗಿ ಹೊತ್ತದ್ದು, ಮದುವೆಯ ಮಾರನೆ ದಿನ ಹೊತ್ತದ್ದು, ಅದಕ್ಕೂ ಮೊದಲು ಅಪ್ಪನ ಮನೆಯಲ್ಲಿ ಪುಟ್ಟ ಮಡಕೆಯಲ್ಲಿ ಹೊತ್ತದ್ದು.

"ತಿರ್ಗಾ ಹೇಳು."

"ಮೂವತ್ನಾಲ್ಕು ವರ್ಷ."

"ಉಪಾಯ ಏನ್ ಬರ್ದೆ?"

"ಒಂದೇ ಬರ್ದಿವ್ನಿ. ಪಂಪು ದಿನಕ್ಕೆ ಒಂದು ನಿಮಿಷ ಕೇರಿ ಕಡೆ ತಿರುಗ್ಸಿದ್ರೆ ಮನೆಗೆ ಇನ್ನೊಂದೂವರೆ ಕ್ಯಾನು ಬತ್ತದೆ ಅಂತ. ಪೋಷಕರ ಸಹಿ ಇಲ್ಲಿ."

ಬೇಡ ಎನ್ನುವುದು ಮಸೂದಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗಳು ಆಗಲೇ ಪೆನ್ನಿನ ಶಾಯಿಯನ್ನು ಅವಳ ಹೆಬ್ಬೆರಳಿಗೆ ಸವರುತ್ತಿದ್ದಳು, ಆ ಪುಟ್ಟ ಬೆರಳುಗಳು ತಣ್ಣಗಿದ್ದವು. ಮಸೂದಾ ಒತ್ತಿದಳು.

*

ಮೇಷ್ಟ್ರು ಜವಾದ್ ಬೈಕಿನಲ್ಲಿ ಬಂದು ಮನೆಮನೆಗೆ ಹೋಗಿ ಹಾಳೆ ಕೂಡಿಸಿಕೊಂಡರು. ಉತ್ತರದ ಕಡೆಯ ಹುಡುಗ, ಇನ್ನೂ ಮದುವೆಯಾಗಿಲ್ಲ. ಹೊಸ್ತಿಲಲ್ಲಿ ನಿಂತೇ ಓದಿದರು. ಓದುತ್ತ ಓದುತ್ತ ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆ ಎಳೆದುಕೊಂಡರು.

"ಇದನ್ನ ಬೇರೆ ಥರ ಬರೀಬಹುದಲ್ಲಾ ಇಕ್ರಾಮ್?"

"ಲೆಕ್ಕ ತಪ್ಪಾಗಿದೆಯಾ ಸರ್?"

"ಲೆಕ್ಕ ಸರಿಯಾಗೇ ಇದೆ ಮಗಳೇ. ಅದೇ ತೊಂದರೆ." ಅವರು ಮಸೂದಾಳ ಕಡೆ ತಿರುಗಿದರು. "ನೋಡಮ್ಮಾ, ಈ ಸಲ ಪರೀಕ್ಷೆ ಇಲ್ಲ. ಈ ಹಾಳೆಗಳ ಮೇಲೇ ನಂಬರು. ಪೇಟೆ ಹಾಸ್ಟೆಲ್ಲಿಗೆ ಹುಡುಗಿಯರನ್ನ ಆರಿಸೋ ಸಮಿತಿಗೆ ಮೌಲಾಯ್ ಅವರೇ ಅಧ್ಯಕ್ಷರು. ಹಾಳೆ ಎಲ್ಲಾ ಅವರ ಮುಂದೆ ಹೋಗುತ್ತೆ."

"ನಂಗೇನ್ ಗೊತ್ತು ಸಾಮಿ. ನೀವು ಅಳತೆ ಮಾಡು ಅಂದ್ರಿ, ಅವ್ಳು ಮಾಡುದ್ಲು."

ಮೇಷ್ಟ್ರು ಹಾಳೆಯನ್ನು ಎರಡು ಸಲ ಮಡಿಸಿ ಬಿಚ್ಚಿದರು. ಆಮೇಲೆ ಉಳಿದವುಗಳ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಬೈಕು ಹತ್ತಿದರು.

*

ಮೂರನೇ ದಿನ ಮೌಲಾಯ್ ಹೊಲಕ್ಕೇ ಬಂದ. ಹೆಂಗಸರು ಬಗ್ಗಿ ಕಾಯಿ ಕೀಳುತ್ತಿದ್ದರು. ಅವನ ಕೈಯಲ್ಲಿ ಹಾಳೆಯಿತ್ತು.

"ಎಲ್ಲಿ ಅವ್ಳು, ಲೆಕ್ಕದ ಮೇಷ್ಟ್ರನ್ನ ಹೆತ್ತೋಳು? ನಿಂತ್ಕೊಳ್ಳೇ."

ಮಸೂದಾ ತೋಳಲ್ಲಿ ಹಣ್ಣು ಹಿಡಿದುಕೊಂಡೇ ನಿಂತಳು.

"ನಾನು ಮೂವತ್ನಾಲ್ಕು ವರ್ಷದ ನೀರು ಕುಡುದ್ಬಿಟ್ನಂತೆ! ಕೇಳ್ರೇ! ಬೆಳೇಲಿ ಐದನೇ ಪಾಲಿಗೆ ದುಡಿಯೋ ಕುಲ, ನಿಮ್ತಾತ ನಮ್ ತಾತನ್ ಕೆರ ಹೊತ್ತೋನು. ನಿನ್ ಮಗ್ಳು ನನ್ನ ಕೊಳವೆ ಕೆಳಗೆ ಬಕೆಟ್ ಹಿಡೀತಾಳೆ! ಹೆಬ್ಬೆಟ್ಟು ನಿಂದೇ ಅಲ್ವೇನೇ ಇದು, ಮುಂಡೇ?"

"ನಂದೇ ಒಡೆಯಾ."

ಅವನು ಅವಳ ತೋಳಲ್ಲಿದ್ದ ಹಣ್ಣನ್ನು ಕೆಳಕ್ಕೆ ತಳ್ಳಿದ. ಅದು ಅವಳ ಪಾದದ ಮೇಲೆ ಬಿದ್ದು ಒಡೆಯಿತು.

"ಹಂಗಾರೆ ನಾಳೆಯಿಂದ ನಲ್ಲಿ ಇಲ್ಲ. ನಿಂಗೊಬ್ಳಿಗಲ್ಲ, ಹತ್ತೊಂಬತ್ತು ಮನೆಗೂ ಇಲ್ಲ. ಹೋಗಿ ಲೆಕ್ಕ ಕುಡೀರಿ."

ಮಾರನೆಯ ದಿನದಿಂದ ಹೆಂಗಸರು ಎರಡು ತಾಸು ನಡೆದು ಬೆಟ್ಟದ ಬುಡದ ಉಪ್ಪುನೀರಿನ ಬಾವಿಗೆ ಹೋದರು. ಬಂದವರು ಮಸೂದಾಳ ಬಾಗಿಲ ಮುಂದೆ ನಿಂತು ಉಗಿದರು. "ನಿನ್ ಮಗ್ಳು ಓದಿ ಮಂತ್ರಿ ಆಯ್ತಾಳೆ ಅಂತ ನನ್ ಮಕ್ಳು ನಾಲ್ಗೆ ಒಣುಗ್ಸ್ಕಬೇಕೇನೇ?" ಎಂದು ಪಕ್ಕದ ಮನೆಯ ಮುದುಕಿ ತೂಡಾ ಕ್ಯಾನನ್ನು ಗೋಡೆಗೆ ಕುಟ್ಟಿದಳು. ಉಪ್ಪುನೀರಿಗೆ ಅತ್ತೆಯ ಭೇದಿ ಹೆಚ್ಚಿತು. ಮರಳಲ್ಲಿ ತಿಕ್ಕಿದ ಬಟ್ಟೆಯಿಂದ ಅವಳ ತೊಡೆ ತರಚಿ ರಕ್ತ ಬಂತು.

ಮೂರು ದಿನ ಹೀಗೆ ಕಳೆದ ಮೇಲೆ ಮಸೂದಾ ಮಗಳ ಕೈಹಿಡಿದು ಮೌಲಾಯ್ ಮನೆಗೆ ನಡೆದಳು.

ಅಂಗಳದಲ್ಲಿ ತಾಲ್ಲೂಕಿನ ಅಧಿಕಾರಿ ಚಹಾ ಕುಡಿಯುತ್ತಿದ್ದ. ಮೌಲಾಯ್ ಇಬ್ಬರನ್ನೂ ಚಪ್ಪಲಿ ಬಿಡುವ ಕಡೆ ಕೂರಿಸಿದ. ಇಕ್ರಾಮ್‌ಗೆ ಹೊಸ ಹಾಳೆ ಕೊಟ್ಟು ತಾನೇ ಹೇಳಿ ಬರೆಸಿದ. ಹುಡುಗಿ ತಲೆಯೆತ್ತದೆ ಬರೆದಳು. ಅವಳ ಬರಹ ಯಾವತ್ತಿನಷ್ಟೇ ದುಂಡಗಿತ್ತು.

"ಒಡೆಯಾ, ಇನ್ನು ನಲ್ಲಿ..."

"ತಡೀ. ನಿನ್ನೊಬ್ಳ ಹೆಬ್ಬೆಟ್ಟಾದ್ರೆ ಸಾಲ್ದು. ಹತ್ತೊಂಬತ್ತು ಮನೇದೂ ಬೇಕು. ಸಾಹೇಬ್ರ ಮುಂದೇನೇ ಹೇಳ್ತಾ ಇವ್ನಿ. ಮನೆಮನೆಗೆ ಹೋಗಿ ಒತ್ತುಸ್ಕೊಂಡು ಬಾ, ಬಿಡ್ತೀನಿ."

ಅಧಿಕಾರಿ ಖರ್ಜೂರದ ಬೀಜವನ್ನು ಉಗಿದು, ತಲೆಯಾಡಿಸಿದ.

ದಾರಿಯಲ್ಲಿ ಮಸೂದಾ ಕೇಳಿದಳು, "ಏನಂತ ಬರೆಸ್ದ?"

ಇಕ್ರಾಮ್ ಹಾಳೆ ಮಡಿಸಿಕೊಂಡು ಮುಂದೆ ನಡೆದಳು. ಅವಳು ಅಳುತ್ತಿದ್ದಳು, ಶಬ್ದವಿಲ್ಲದೆ.

*

ಮೊದಲು ತೂಡಾಳ ಮನೆ.

"ಓದಿ ಹೇಳು, ಏನೈತೆ ಅಂತ," ಎಂದಳು ಮುದುಕಿ, ಶಾಯಿ ಬಳಿದ ಹೆಬ್ಬೆರಳನ್ನು ಎತ್ತಿಕೊಂಡು.

ಇಕ್ರಾಮ್ ಓದಿದಳು. "ನಮ್ಮ ಕೇರಿಯ ಎಲ್ಲ ಮನೆಗಳಿಗೂ ಬೇಕಾದಷ್ಟು ನೀರು ಸಿಗುತ್ತಿದೆ. ಮೊದಲು ಬರೆದದ್ದು ಸುಳ್ಳು. ನೀರು ಪೋಲಾಗುವುದು ನಮ್ಮ ಮನೆಗಳಲ್ಲಿ. ನಾವು ಗಲೀಜು ಜನ, ಉಳಿಸಲು ತಿಳಿಯದು. ಮೌಲಾಯ್ ಅವರ ಋಣ ನಮ್ಮ ಮಕ್ಕಳೂ ತೀರಿಸಲಾರರು."

ತೂಡಾಳ ಹೆಬ್ಬೆರಳು ಗಾಳಿಯಲ್ಲೇ ನಿಂತಿತು.

"ಬೇಕಾದಷ್ಟಾ?"

"ಹ್ಞೂಂ ಅಜ್ಜಿ."

"ನಾನು ಎರಡು ತಿಂಗ್ಳಿಂದ ತಲೆಗೆ ನೀರು ಹಾಕಿಲ್ಲ ಕಣೇ. ಹೇನು ತಿಂತಾ ಅವೆ." ಮುದುಕಿ ಬೆರಳು ಇಳಿಸಿದಳು. "ಮೊದ್ಲು ನೀನು ಬರ್ದಿದ್ದೇನು? ಅದ್ ಹೇಳು. ಹೊಲ್ದಲ್ಲಿ ಮೌಲಾಯ್ ಏನೋ ಮೂವತ್ನಾಲ್ಕು ವರ್ಷ ಅಂತ ಕೂಗಾಡಿದ್ದು ಬಿಟ್ರೆ ಅದೇನೂಂತ ಯಾರೂ ಹೇಳ್ನಿಲ್ಲ."

ಇಕ್ರಾಮ್ ತಾಯಿಯ ಮುಖ ನೋಡಿದಳು. ಮಸೂದಾ ಆಗಲೇ ನೆಲದ ಮೇಲೆ ಕೂತುಬಿಟ್ಟಿದ್ದಳು.

"ಹೇಳಮ್ಮಿ," ಎಂದಳು.

ಹುಡುಗಿ ಹೇಳಿದಳು. ಬಕೆಟ್ಟು, ಒಂದು ಎರಡು, ಹದಿನಾಲ್ಕು ಗಂಟೆ. ಲಕ್ಷದ ಲೆಕ್ಕ ತೂಡಾಗೆ ಹತ್ತಲಿಲ್ಲ. ಮೂವತ್ನಾಲ್ಕು ವರ್ಷ ಹತ್ತಿತು. ಒಂದೇ ದಿನಕ್ಕಾ, ಎಂದು ಮೂರು ಸಲ ಕೇಳಿದಳು. ಆಮೇಲೆ ಹೆಬ್ಬೆರಳನ್ನು ಗೋಡೆಗೆ ಒರೆಸಿ, ಸೆರಗನ್ನು ತಲೆಗೆ ಸುತ್ತಿಕೊಂಡು, "ನಡೀರಿ, ಮುಂದಿನ್ ಮನೆಗೆ ನಾನೂ ಬತ್ತೀನಿ. ಆ ಲೌಡಿ ಆಯ್ಶಾಗೆ ಕಿವಿ ಮಂದ, ನಾನು ಕೂಗಿ ಹೇಳ್ತೀನಿ," ಎಂದಳು.

ಸಂಜೆಯ ಹೊತ್ತಿಗೆ ಹತ್ತೊಂಬತ್ತು ಮನೆಯೂ ಮುಗಿಯಿತು. ಕೆಲವರು ಮಸೂದಾಳನ್ನು ಮತ್ತೆ ಬೈದರು. ಒಬ್ಬ ಗಂಡಸು, ಒತ್ತಿಬಿಡ್ರೇ, ಎದೆ ಒಣಗ್ತಾ ಐತೆ, ಎಂದು ಗೋಗರೆದ. ಅವನ ಹೆಂಡತಿ ಅವನ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾಳೆಯ ಕೆಳಗೆ ಒಂದು ಗುರುತೂ ಬೀಳಲಿಲ್ಲ.

*

ಬೆಳಿಗ್ಗೆ ಹೆಂಗಸರು ಉಪ್ಪುನೀರಿನ ಬಾವಿಗೂ ಹೋಗಲಿಲ್ಲ, ಹೊಲಕ್ಕೂ ಹೋಗಲಿಲ್ಲ. ಖಾಲಿ ಕ್ಯಾನುಗಳನ್ನು ತಂದು, ಹೊಲದಿಂದ ಡಾಂಬರು ರಸ್ತೆಗೆ ಹೋಗುವ ಮಣ್ಣುದಾರಿಯಲ್ಲಿ ಅಡ್ಡ ಸಾಲಾಗಿ ಇಟ್ಟು, ಅವುಗಳ ಹಿಂದೆ ಕೂತರು. ಎಂಟು ಗಂಟೆಗೆ ಹಣ್ಣು ತುಂಬಿದ ಮೊದಲ ಲಾರಿ ಬಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಹಣ್ಣು ಕೊಳೀತದೆ ಕಣ್ರಮ್ಮೋ! ಸಂಜೆಗೆ ಹಡಗು ಹಿಡೀಬೇಕು!" ಎಂದ. ಯಾರೂ ಅಲ್ಲಾಡಲಿಲ್ಲ. ಹಿಂದೆ ಎರಡನೆಯದು ಬಂತು, ಮೂರನೆಯದು ಬಂತು.

ಮೌಲಾಯ್ ಓಡಿಬಂದ. ಬೈದ, ಕೋಲು ಬೀಸಿದ. ಒಂದು ಕ್ಯಾನನ್ನು ಒದ್ದ. ಅದು ಖಾಲಿ ಇತ್ತು, ಹಗುರಾಗಿ ಹಾರಿ ಬಿತ್ತು. ತೂಡಾ ಎದ್ದು ಹೋಗಿ ಅದನ್ನು ತಂದು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಅವನು ಮೇಲುಸಿರು ಬಿಡುತ್ತ ಫೋನು ತೆಗೆದು, ಜೀಪು ಕಳಿಸಿ ಎಂದು ತಾಲ್ಲೂಕಿನ ಅಧಿಕಾರಿಗೆ ಹೇಳಿದ.

ಮಸೂದಾ ಮೊದಲ ಲಾರಿಯ ಮೂತಿಯ ಕೆಳಗೇ ಕೂತಿದ್ದಳು. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ತಾನು ಹೆದರಿದ್ದೇನೆಯೇ ಎಂದು ಒಳಗೆ ತಡಕಿ ನೋಡಿಕೊಂಡಳು. ಆಯಾಸ ಬಿಟ್ಟು ಬೇರೇನೂ ಸಿಗಲಿಲ್ಲ. ಇವತ್ತು ಕೀಳಬೇಕಾದ ಕಾಯಿಲ್ಲ, ಹೊರಬೇಕಾದ ನೀರಿಲ್ಲ. ಇಷ್ಟು ಹೊತ್ತಿನಲ್ಲಿ ಅವಳು ಎಂದೂ ಕೂತವಳಲ್ಲ. ತಲೆ ಮೆಲ್ಲಗೆ ವಾಲಿತು. ಪಕ್ಕಕ್ಕೆ ಒರಗಿ, ಕಾಲು ಮಡಿಸಿ, ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡಳು.

ಹಾರ್ನಿನ ಮೇಲೆ ಹಾರ್ನು ಬಡಿಯಿತು. ದೂರದಲ್ಲಿ ಧೂಳೆಬ್ಬಿಸುತ್ತ ಎರಡು ಜೀಪುಗಳು ಇತ್ತಲೇ ಬರುತ್ತಿದ್ದವು. ಮಸೂದಾ ಗಾಲಿಗೆ ಎರಡು ಗೇಣು ದೂರದಲ್ಲಿ, ಬಾಯಿ ಅರ್ಧ ತೆರೆದು, ಗೊರಕೆ ಹೊಡೆಯುತ್ತಿದ್ದಳು.